ಹೊಟ್ಟೆ ಆಪರೇಷನ್ ಆದ ಮೇಲೆ ಕೊಟ್ಟಿಗೆ ಕೆಲಸ: ಯಾವಾಗ, ಎಷ್ಟು, ಹೇಗೆ?

ಗರ್ಭಕೋಶ ತೆಗೆಸಿಕೊಂಡವರಿಗೂ ಹರ್ನಿಯಾಗೆ ಜಾಲರಿ ಹಾಕಿಸಿಕೊಂಡವರಿಗೂ ಡಿಸ್ಚಾರ್ಜ್ ದಿನ ಡಾಕ್ಟರು ಹೇಳುವ ಮಾತು ಒಂದೇ: ‘ಭಾರ ಎತ್ತಬೇಡಿ’. ಎರಡು ಸೀಮೆ ಹಸು ಕಟ್ಟಿಕೊಂಡ ಮನೆಯಲ್ಲಿ ಈ ಮಾತು ಎರಡೇ ವಾರಕ್ಕೆ ಮರೆತುಹೋಗುತ್ತದೆ. ಅಷ್ಟರಲ್ಲಿ ಹೊಲಿಗೆ ಬಿಚ್ಚಿರುತ್ತಾರೆ, ನೋವು ಇಳಿದಿರುತ್ತದೆ, ಅತ್ತ ಕೊಟ್ಟಿಗೆಯಲ್ಲಿ ಸಗಣಿ ಗುಡ್ಡೆ ಬಿದ್ದಿರುತ್ತದೆ.

ಆದರೆ ಹತ್ತು ಹದಿನಾಲ್ಕು ದಿನಕ್ಕೆ ಕೂಡಿಕೊಳ್ಳುವುದು ಮೇಲಿನ ಚರ್ಮ ಮಾತ್ರ. ಒಳಗೆ ಕರುಳನ್ನು ತಡೆದು ಹಿಡಿಯುವ ಗಟ್ಟಿ ಪೊರೆಗೆ ಮೂರು ವಾರ ಕಳೆದರೂ ಮೊದಲಿನ ಬಲದ ಸುಮಾರು ಕಾಲು ಭಾಗವಷ್ಟೇ ಬಂದಿರುತ್ತದೆ. ಮುಕ್ಕಾಲು ಭಾಗ ಬರಲು ಮೂರು ತಿಂಗಳು ಬೇಕು. ನೋವು ಹೋಗಿ, ಬಲ ಇನ್ನೂ ಬರದ ಈ ನಡುವಿನ ದಿನಗಳಲ್ಲೇ ಹೊಲಿಗೆ ಹಾಕಿದ ಜಾಗ ಒಳಗಿನಿಂದ ಸಡಿಲವಾಗುತ್ತದೆ. ಕೆಲವು ತಿಂಗಳ ನಂತರ ಅಲ್ಲೇ ಉಬ್ಬು ಕಾಣಿಸಿಕೊಂಡು ಎರಡನೇ ಆಪರೇಷನ್‌ಗೆ ದಾರಿಯಾಗುತ್ತದೆ.

ಇಲ್ಲಿ ಹೇಳುವ ಲೆಕ್ಕ ಹೊಟ್ಟೆ ಕೊಯ್ದು ಮಾಡುವ ಆಪರೇಷನ್‌ಗೆ. ಲ್ಯಾಪರೋಸ್ಕೋಪಿಯಲ್ಲಿ ಹರ್ನಿಯಾ ಮಾಡಿಸಿಕೊಂಡವರಿಗೆ ಅವಧಿ ಕಡಿಮೆಯಾಗಬಹುದು. ಗರ್ಭಕೋಶವನ್ನು ಲ್ಯಾಪರೋಸ್ಕೋಪಿಯಲ್ಲಿ ಅಥವಾ ಕೆಳಗಿನಿಂದ ತೆಗೆದಿದ್ದರೆ ಹೊಟ್ಟೆಯ ಮೇಲೆ ದೊಡ್ಡ ಗಾಯ ಕಾಣುವುದಿಲ್ಲ, ಆದರೂ ಒಳಗೆ ಹೊಲಿಗೆ ಇರುತ್ತದೆ. ಅವರಿಗೂ ಆರು ವಾರ ಭಾರ ಎತ್ತಬಾರದೆಂಬ ನಿಯಮವೇ. ಕೊನೆಯ ಮಾತು ಆಪರೇಷನ್ ಮಾಡಿದ ಡಾಕ್ಟರದು. ಅವರನ್ನು ಕೇಳುವಾಗ ‘ಕೆಲಸ ಮಾಡಬಹುದಾ’ ಎಂದು ಕೇಳಬೇಡಿ. ‘ಇಪ್ಪತ್ತು ಕೆಜಿ ಗೊಬ್ಬರದ ಬುಟ್ಟಿ ಎತ್ತಬಹುದಾ, ಕುಕ್ಕರಗಾಲಲ್ಲಿ ಕೂತು ಹಾಲು ಕರೆಯಬಹುದಾ’ ಎಂದು ಕೇಳಿ. ಪೇಟೆಯ ಡಾಕ್ಟರಿಗೆ ಕೊಟ್ಟಿಗೆ ಕೆಲಸದ ತೂಕ ಗೊತ್ತಿರಬೇಕೆಂದೇನಿಲ್ಲ.

ಮೊದಲು ತೂಕ ತಿಳಿದುಕೊಳ್ಳಿ

ಮೊದಲ ಆರು ವಾರ ಎತ್ತಬಹುದಾದ ಮಿತಿ ಸಾಮಾನ್ಯವಾಗಿ ನಾಲ್ಕರಿಂದ ಐದು ಕೆಜಿ. ಹತ್ತು ಲೀಟರಿನ ಬಕೆಟ್ ಅರ್ಧ ತುಂಬಿದರೇ ಆ ಮಿತಿ ಮುಟ್ಟಿತು. ಗೊಬ್ಬರದ ಬುಟ್ಟಿ 15ರಿಂದ 20 ಕೆಜಿ, ತಲೆಯ ಮೇಲೆ ಹೊರುವ ಹಸಿಹುಲ್ಲಿನ ಹೊರೆ 25ರಿಂದ 30, ಪಶು ಆಹಾರದ ಚೀಲ 50. ನಲವತ್ತು ಲೀಟರ್ ಕ್ಯಾನ್ ತುಂಬಿದ್ದರೆ ಅದೂ ಐವತ್ತರ ಹತ್ತಿರ.

ಇನ್ನೊಂದು ಲೆಕ್ಕ ಹಾಕಿ ನೋಡಿ. ಹಾಲು ಕೊಡುವ ಒಂದು ಸೀಮೆ ಹಸುವಿಗೆ ದಿನಕ್ಕೆ 60 ಲೀಟರಿಗೆ ಕಡಿಮೆಯಿಲ್ಲದಂತೆ ನೀರು, 25 ಕೆಜಿ ಹಸಿಮೇವು, ಐದಾರು ಕೆಜಿ ಒಣಹುಲ್ಲು, ನಾಲ್ಕೈದು ಕೆಜಿ ಹಿಂಡಿ, ಬೂಸಾ ಬೇಕು. ಅದು ಹಾಕುವ ಸಗಣಿ 20 ಕೆಜಿ ಮೇಲೆ, ಹಾಲು ಹತ್ತು ಲೀಟರ್. ಒಟ್ಟು ಒಂದು ಹಸುವಿಗೆ 125 ಕೆಜಿ, ಎರಡಕ್ಕೆ ಕಾಲು ಟನ್. ಇಷ್ಟನ್ನು ಪ್ರತಿದಿನ ಯಾರೋ ಒಬ್ಬರು ಕೈಯಲ್ಲಿ ಎತ್ತಿ ಇಳಿಸುತ್ತಿರುತ್ತಾರೆ. ನಮ್ಮ ಬಹುಪಾಲು ಮನೆಗಳಲ್ಲಿ ಆ ಒಬ್ಬರು ಹೆಂಗಸರೇ. ಅವರೇ ಹಾಸಿಗೆ ಹಿಡಿದಾಗ ಗಂಡಸರು ಡೈರಿಗೆ ಹಾಲು ಹಾಕಿ ಬರುವುದನ್ನು ವಹಿಸಿಕೊಂಡು, ಸಗಣಿಯನ್ನು ‘ಅವಳು ಏಳಲಿ’ ಎಂದು ಬಿಟ್ಟಿರುತ್ತಾರೆ. ಕೆಲಸ ಹಂಚುವಾಗ ಮೊದಲು ಹಂಚಬೇಕಾದದ್ದು ಸಗಣಿ ಮತ್ತು ನೀರು.

ಹಗ್ಗ ಹಿಡಿದು ಎಳೆಯುವುದಕ್ಕೆ ಕೆಜಿ ಲೆಕ್ಕವಿಲ್ಲ. ನಾನೂರು ಕೆಜಿಯ ಹಸು ಒಮ್ಮೆ ತಲೆ ಕೊಡವಿದರೆ ಹಿಡಿದವರ ಹೊಟ್ಟೆಯ ಸ್ನಾಯು ತಾನಾಗಿಯೇ ಬಿಗಿಯುತ್ತದೆ. ತಡೆಯಲು ಪುರುಸೊತ್ತೇ ಇರುವುದಿಲ್ಲ.

ಹಂತ 1: ಆಪರೇಷನ್ ದಿನವನ್ನು ಹಸುವಿನ ಲೆಕ್ಕದಲ್ಲಿ ಗೊತ್ತುಮಾಡಿ

ತುರ್ತು ಇಲ್ಲದ ಆಪರೇಷನ್ ಆದರೆ, ಡಾಕ್ಟರು ಒಪ್ಪಿದರೆ, ಒಂದೆರಡು ತಿಂಗಳು ಹಿಂದೆ ಮುಂದೆ ಮಾಡಬಹುದು. ಹಸು ಗಬ್ಬ ನಿಂತ ದಿನದಿಂದ ಸುಮಾರು 280 ದಿನಕ್ಕೆ ಕರು ಹಾಕುತ್ತದೆ. ಈಯುವುದಕ್ಕೆ 60 ದಿನ ಮುಂಚೆ ಹೇಗೂ ಹಾಲು ಬತ್ತಿಸಬೇಕು. ಬತ್ತಿಸಿದ ವಾರವೇ ಆಪರೇಷನ್ ಇಟ್ಟುಕೊಂಡರೆ ಎಂಟು ವಾರ ಕರೆಯುವ ಕೆಲಸವೇ ಇರುವುದಿಲ್ಲ. ಮೇವು, ನೀರು, ಸಗಣಿ ಅಷ್ಟಕ್ಕೆ ಜನ ಹುಡುಕಿದರೆ ಸಾಕು.

ಬತ್ತಿಸುವುದೆಂದರೆ ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪ ಹಿಂಡುತ್ತಾ ಎಳೆಯುವುದಲ್ಲ. ಮೊದಲು ಹಿಂಡಿ ಕಡಿಮೆ ಮಾಡಿ ಹಾಲು ಇಳಿಸಬೇಕು. ಆಮೇಲೆ ಒಂದು ದಿನ ಪೂರ್ತಿ ಕರೆದು, ಪಶುವೈದ್ಯರು ಹೇಳಿದ ಟ್ಯೂಬ್ ಔಷಧಿಯನ್ನು ನಾಲ್ಕೂ ಮೊಲೆಗೆ ಏರಿಸಿ ನಿಲ್ಲಿಸಿಬಿಡಬೇಕು. ನಂತರ ಕೆಚ್ಚಲು ತುಂಬಿಕೊಂಡಂತೆ ಕಂಡಿತೆಂದು ಮತ್ತೆ ಹಿಂಡಿದರೆ ಔಷಧಿ ಹೊರಗೆ ಹೋಗುತ್ತದೆ, ಹಾಲೂ ನಿಲ್ಲುವುದಿಲ್ಲ. ಕೆಚ್ಚಲು ಕೆಂಪಾಗಿ ಬಿಸಿಯಾದರೆ ಮಾತ್ರ ಪಶುವೈದ್ಯರನ್ನು ಕರೆಸಿ.

ಎರಡು ಹಸುಗಳ ಲೆಕ್ಕ ಒಟ್ಟಿಗೆ ಕೂಡಿಬರುವುದು ಅಪರೂಪ. ಒಂದು ಹೊತ್ತಿಗೆ ಎರಡು ಲೀಟರಿಗೆ ಇಳಿದಿರುವ ಗಬ್ಬದ ಹಸುವನ್ನು ನಾಲ್ಕಾರು ವಾರ ಮೊದಲೇ ಬತ್ತಿಸಿದರೆ ಆಗುವ ನಷ್ಟ ಸಣ್ಣದು. ಎರಡು ಹೊತ್ತಿನ ಬದಲು ಒಂದೇ ಹೊತ್ತು ಕರೆಯುವುದೂ ಇಂಥ ಕೊನೆಯ ಹಂತದ ಹಸುವಿಗೆ ನಡೆಯುತ್ತದೆ. ಹೊಸದಾಗಿ ಈದು ಹದಿನೈದು ಲೀಟರ್ ಕೊಡುವ ಹಸುವಿಗೆ ಹಾಗೆ ಮಾಡಿದರೆ ಕೆಚ್ಚಲು ಬಾವಿನ ಅಪಾಯವಿದೆ. ಮೂರು ನಾಲ್ಕು ಹಸು ಇದ್ದು ಮನೆಯಲ್ಲಿ ಮತ್ತೊಂದು ಕೈ ಇಲ್ಲದಿದ್ದರೆ ಒಂದನ್ನು ಮಾರುವುದೇ ಲೇಸು. ಈ ಸಲಹೆ ಯಾರಿಗೂ ಹಿಡಿಸುವುದಿಲ್ಲ, ಆದರೆ ಎರಡನೇ ಸಲ ಆಸ್ಪತ್ರೆ ಸೇರಿದರೆ ಎಲ್ಲವನ್ನೂ ಅರ್ಧ ಬೆಲೆಗೆ ಮಾರಬೇಕಾಗುತ್ತದೆ.

ಹರ್ನಿಯಾ ಗಂಟು ಗಟ್ಟಿಯಾಗಿ ಒಳಗೆ ಹೋಗದೆ ನಿಂತು, ನೋವು ವಾಂತಿ ಶುರುವಾದರೆ ಯಾವ ಲೆಕ್ಕವೂ ಬೇಡ. ಅಂದೇ ಆಸ್ಪತ್ರೆಗೆ ಹೋಗಬೇಕು.

ಹಂತ 2: ಆರು ವಾರ ಮುಂಚಿನ ತಯಾರಿ

ಮೇವು: ಮುಸುಕಿನ ಜೋಳವನ್ನು ಹಾಲುಗಾಳು ಗಟ್ಟಿಯಾಗುವ ಹೊತ್ತಿಗೆ ಕಡಿದು, ಕತ್ತರಿಸಿ, ಗಾಳಿಯಾಡದಂತೆ ತುಳಿದು ಮುಚ್ಚಿದರೆ ಸುಮಾರು 45 ದಿನಕ್ಕೆ ರಸಮೇವು ಸಿದ್ಧ. ದಿನಾ ಹುಲ್ಲು ಕೊಯ್ದು ತರುವ ಕೆಲಸ ಅಷ್ಟೂ ತಪ್ಪುತ್ತದೆ. ಅದನ್ನು 50 ಕೆಜಿ ಚೀಲಕ್ಕೆ ತುಂಬಿಟ್ಟರೆ ಮತ್ತೆ ಎತ್ತುವ ಕಷ್ಟವೇ, ಆದ್ದರಿಂದ ಬಾಯಿ ಬಿಚ್ಚಿ ಬೊಗಸೆಯಲ್ಲಿ ತೋಡಿಕೊಳ್ಳುವಂತೆ ಗೋದಲಿಯ ಪಕ್ಕದಲ್ಲೇ ಇರಿಸಿ. ಒಮ್ಮೆಗೇ ರಸಮೇವಿಗೆ ಬದಲಾಯಿಸಿದರೆ ಹಸು ಭೇದಿ ಮಾಡಿಕೊಳ್ಳುತ್ತದೆ. ಎಂಟು ಹತ್ತು ದಿನ ಹಸಿಹುಲ್ಲಿನ ಜೊತೆ ಬೆರೆಸಿ ಹೆಚ್ಚಿಸುತ್ತಾ ಹೋಗಿ.

ನೀರು: ಖರ್ಚು ಮಾಡುವುದಿದ್ದರೆ ಮೊದಲು ಇಲ್ಲಿ ಮಾಡಿ. ತೊಟ್ಟಿಗೆ ಪೈಪ್ ಎಳೆಸಿ ಫ್ಲೋಟ್ ವಾಲ್ವ್ ಕೂರಿಸಿದರೆ ಹಸು ಕುಡಿದಷ್ಟೂ ತಾನಾಗಿ ತುಂಬುತ್ತದೆ. ದಿನಕ್ಕೆ ಹನ್ನೆರಡು ಬಕೆಟ್ ಎತ್ತುವುದು ಒಂದು ಸಣ್ಣ ವಾಲ್ವ್‌ನಿಂದ ತಪ್ಪುತ್ತದೆ.

ಹಾಲು ಕರೆಯುವ ಯಂತ್ರ: ಕೊಳ್ಳುವುದಾದರೆ ಆಪರೇಷನ್‌ಗೆ ಮೂರು ವಾರ ಮೊದಲೇ ತರಿಸಿ. ಮೊದಲ ಮೂರು ನಾಲ್ಕು ದಿನ ಕೈಯಲ್ಲೇ ಕರೆಯುತ್ತಾ ಪಕ್ಕದಲ್ಲಿ ಮೋಟಾರ್ ಮಾತ್ರ ಓಡಿಸಿ, ಹಸುವಿಗೆ ಸದ್ದು ರೂಢಿಯಾಗಲಿ. ನಿರ್ವಾತ 40ರಿಂದ 45 ಕಿಲೋಪಾಸ್ಕಲ್ ಇರಲಿ. ಹಾಲು ನಿಂತ ಮೇಲೂ ಯಂತ್ರ ಬಿಟ್ಟರೆ ಮೊಲೆ ತುದಿ ಗಡುಸಾಗಿ ಕೆಚ್ಚಲು ಬಾವಿಗೆ ಎಡೆಯಾಗುತ್ತದೆ. ಯಂತ್ರ ಬಂದ ಮಾತ್ರಕ್ಕೆ ಗಾಯದವರು ಕರೆಯಬಹುದೆಂದಲ್ಲ. ಕಪ್ ಹಾಕಲು ಬಗ್ಗಲೇಬೇಕು, ತುಂಬಿದ ಪಾತ್ರೆ 20 ಕೆಜಿ ದಾಟುತ್ತದೆ. ಅದರ ನಿಜವಾದ ಲಾಭ ಬೇರೆ: ಕೈಯಲ್ಲಿ ಹಿಂಡಲು ಬಾರದ ಮಗನೋ ಮೈದುನನೋ ಕೂಡ ಒಂದು ವಾರದಲ್ಲಿ ಕಲಿಯಬಹುದು.

ಆಳು ಸಿಗದ ಊರಲ್ಲಿ ಮುಯ್ಯಿ ಈಗಲೂ ನಡೆಯುತ್ತದೆ. ನಾಟಿಗೆ ಬಂದಂತೆ ಕೊಟ್ಟಿಗೆಗೂ ಬರುತ್ತಾರೆ, ಮೊದಲೇ ಮಾತಾಡಿರಬೇಕು ಅಷ್ಟೆ. ಬರುವವರು ಒಂದು ವಾರ ಮುಂಚಿನಿಂದಲೇ ನಿಮ್ಮ ಜೊತೆ ನಿಂತು ಕರೆಯಲಿ. ಅಪರಿಚಿತ ಕೈಗೆ ಹಸು ಸೊರೆ ಬಿಡುವುದಿಲ್ಲ.

ಕಾಲುಬಾಯಿ ಲಸಿಕೆ, ಜಂತುಹುಳದ ಔಷಧಿ ಈ ಅವಧಿಯಲ್ಲಿ ಬರುವುದಿದ್ದರೆ ಮುಂಚೆಯೇ ಮುಗಿಸಿ. ನಿಮಗೆ ಧನುರ್ವಾಯು ಚುಚ್ಚುಮದ್ದು ಆಗಿದೆಯೇ ಕೇಳಿ, ಅದರ ರೋಗಾಣು ಸಗಣಿಯಲ್ಲಿ, ಮಣ್ಣಿನಲ್ಲಿ ಇರುತ್ತದೆ. ಹಾಲಿನ ಸಂಘದ ಸದಸ್ಯರು ಯಶಸ್ವಿನಿ ಕಾರ್ಡ್ ಮಾಡಿಸಿದ್ದರೆ ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆಂದು ದಾಖಲಾಗುವ ಮೊದಲೇ ವಿಚಾರಿಸಿ. ಪಶು ಆಂಬುಲೆನ್ಸ್ ಸಂಖ್ಯೆ 1962ನ್ನು ಸಹಾಯಕರ ಫೋನಿಗೂ ಹಾಕಿಕೊಡಿ.

ಹಂತ 3: ಮೊದಲ ಮೂರು ವಾರ

ಮೊದಲ ವಾರ ಕೊಟ್ಟಿಗೆಯ ಕಡೆ ಹೋಗುವುದೇ ಬೇಡ. ಆದರೆ ಮಲಗಿಯೇ ಇರುವುದೂ ತಪ್ಪು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಮನೆಯೊಳಗೆ ಗಂಟೆ ಎರಡು ಗಂಟೆಗೊಮ್ಮೆ ಸ್ವಲ್ಪ ನಡೆಯಬೇಕು. ಏಳುವಾಗ ನೆಟ್ಟಗೆ ಮೇಲೇಳಬೇಡಿ. ಮಗ್ಗುಲಿಗೆ ಹೊರಳಿ, ಕಾಲು ಕೆಳಗಿಳಿಸಿ, ಕೈ ಊರಿ ಎದ್ದುಕೊಳ್ಳಿ. ಕೆಮ್ಮು ಬಂದರೆ ಗಾಯದ ಮೇಲೆ ದಿಂಬು ಒತ್ತಿ ಹಿಡಿಯಿರಿ. ನೋವಿನ ಕೆಲವು ಮಾತ್ರೆಗಳಿಂದ ಮಲಬದ್ಧತೆ ಬರುತ್ತದೆ, ಅಲ್ಲಿ ತಿಣುಕುವುದೂ ಭಾರ ಎತ್ತಿದ ಹಾಗೆಯೇ. ಪಥ್ಯವೆಂದು ಬರೀ ಅನ್ನ ಸಾರು ಕೊಡುವ ಮನೆಗಳಲ್ಲಿ ಈ ತೊಂದರೆ ಹೆಚ್ಚು. ಡಾಕ್ಟರು ಬೇಡವೆನ್ನದಿದ್ದರೆ ಸೊಪ್ಪು, ಹಣ್ಣು, ಬೇಳೆ, ಸಾಕಷ್ಟು ನೀರು ಕೊಡಿ. ಗಾಯ ಕೂಡಿಕೊಳ್ಳಲೂ ಬೇಳೆ, ಮೊಟ್ಟೆ ಬೇಕು.

ಎರಡು, ಮೂರನೇ ವಾರ ದೂರ ನಿಂತು ನೋಡಬಹುದು. ಹಸು ಮೆಲುಕು ಹಾಕುತ್ತಿದೆಯೇ, ಬೆದೆಗೆ ಬಂದಿದೆಯೇ, ಸಗಣಿ ತೆಳುವಾಗಿದೆಯೇ ಎಂದು ಗುರುತಿಸಿ ಸಹಾಯಕರಿಗೆ ಹೇಳುವುದೂ ಕೆಲಸವೇ, ಹೊಸಬರ ಕಣ್ಣಿಗೆ ಅದು ಬೀಳುವುದಿಲ್ಲ. ಒಣಹುಲ್ಲಿನ ಬಣವೆ ಹತ್ತಿರ ಹೋಗಬೇಡಿ, ದೂಳಿಗೆ ಬರುವ ಒಂದು ಜೋರಾದ ಸೀನು ಹೊಲಿಗೆಯನ್ನು ಜಗ್ಗುತ್ತದೆ. ಟ್ರಮಡಾಲ್‌ನಂಥ ನೋವಿನ ಮಾತ್ರೆ ನುಂಗುತ್ತಿದ್ದರೆ ಮಂಪರು ಇರುತ್ತದೆ, ಮೇವು ಕತ್ತರಿಸುವ ಯಂತ್ರದ ಹತ್ತಿರ ಸುಳಿಯಬೇಡಿ.

ಗಾಯಕ್ಕೆ ಕಟ್ಟಿದ ಬಟ್ಟೆ ಒದ್ದೆಯಾಗಬಾರದು. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ಗಂಜಲ, ಕೆಸರಿನಿಂದ ಇಲಿಜ್ವರ ಅಂಟುವ ಅಪಾಯ ಬೇರೆ. ಗಾಯಕ್ಕೆ ಅರಿಶಿನ, ಬೂದಿ, ಎಣ್ಣೆ ಯಾವುದನ್ನೂ ಹಚ್ಚಬೇಡಿ. ಹಸು ಕಂದು ಹಾಕಿದರೆ ಕರುವನ್ನಾಗಲಿ ಸೆತ್ತೆಯನ್ನಾಗಲಿ ಗಾಯ ಇರುವವರು ಮುಟ್ಟಲೇಬಾರದು, ಬ್ರುಸೆಲ್ಲಾ ರೋಗ ಮನುಷ್ಯರಿಗೂ ಅಂಟುತ್ತದೆ. ತೆಗೆಯುವವರು ಕೈಗವಸು ಹಾಕಿ, ಸುಣ್ಣ ಸುರಿದು ಆಳವಾಗಿ ಹೂಳಲಿ.

ಹಂತ 4: ನಾಲ್ಕರಿಂದ ಆರನೇ ವಾರ

ಗಾಯ ಪೂರ್ತಿ ಒಣಗಿದ್ದು ಡಾಕ್ಟರು ಒಪ್ಪಿದರೆ ನಿಂತು ಮಾಡುವ ಹಗುರ ಕೆಲಸ ಶುರುಮಾಡಬಹುದು. ಎರಡು ಮೂರು ಕೆಜಿಯಂತೆ ಹಿಂಡಿ ಹಾಕುವುದು, ಪೈಪಿನಲ್ಲಿ ನೀರು ಬಿಡುವುದು, ಡೈರಿಯ ಲೆಕ್ಕ ನೋಡುವುದು. ಉದ್ದ ಹಿಡಿಯ ಪೊರಕೆಯಿಂದ ಗುಡಿಸುವುದು ಹಗುರವೆನಿಸಿದರೂ ಸೊಂಟ ತಿರುಚುವ ಕೆಲಸ, ಐದನೇ ವಾರದವರೆಗೆ ಬಿಡಿ. ನೆಲ ಜಾರುವಂತಿದ್ದರೆ ರಬ್ಬರ್ ಮ್ಯಾಟ್ ಹಾಸಿ. ಬೀಳದಿದ್ದರೂ, ಬೀಳದಿರಲು ಸಾವರಿಸಿಕೊಳ್ಳುವಾಗಲೇ ಹೊಟ್ಟೆಗೆ ಪೆಟ್ಟು.

ಹಸುವಿನ ಹೆಗಲ ಪಕ್ಕ ನಿಲ್ಲಿ. ಹಸು ಕುದುರೆಯಂತೆ ನೇರ ಹಿಂದಕ್ಕಲ್ಲ, ಮುಂದಕ್ಕೆ ಎತ್ತಿ ಪಕ್ಕಕ್ಕೆ ಬೀಸಿ ಒದೆಯುತ್ತದೆ. ಇನ್ನು ಕರು. ಎರಡು ತಿಂಗಳ ಕರುವಿನ ಹಣೆ ಬರುವುದು ಸರಿಯಾಗಿ ನಿಮ್ಮ ಹೊಲಿಗೆಯ ಎತ್ತರಕ್ಕೆ, ಗುದ್ದುವುದು ಅದರ ಆಟ. ಅದನ್ನು ಬಿಚ್ಚುವ ಕಟ್ಟುವ ಕೆಲಸ ಬೇರೆಯವರದ್ದು.

ಸೊಂಟಕ್ಕೆ ಕಟ್ಟುವ ಬೆಲ್ಟ್ ಹಿತ ಕೊಡುತ್ತದೆ, ಬಲ ಕೊಡುವುದಿಲ್ಲ. ಬೆಲ್ಟ್ ಇದೆಯೆಂದು ಬಕೆಟ್ ಎತ್ತಿದವರೇ ಹೆಚ್ಚು ಕೆಡಿಸಿಕೊಳ್ಳುವುದು.

ಈ ಎಲ್ಲ ವಾರಗಳಲ್ಲೂ ಇವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ: 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ, ಗಾಯದಿಂದ ಕೀವು ಅಥವಾ ಹರಡುವ ಕೆಂಪು, ಗಾಯ ಬಾಯಿ ಬಿಡುವುದು, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಏದುಸಿರು, ಎದೆನೋವು, ಮೂತ್ರ ಕಟ್ಟುವುದು. ಗರ್ಭಕೋಶ ತೆಗೆಸಿದವರಿಗೆ ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ರಕ್ತ ಹೋದರೂ ಅಷ್ಟೇ. ಸಕ್ಕರೆ ಕಾಯಿಲೆ ಇರುವವರಲ್ಲಿ ಗಾಯ ನಿಧಾನ ಮಾಯುತ್ತದೆ, ಅವರು ಪ್ರತಿ ಹಂತಕ್ಕೂ ಡಾಕ್ಟರನ್ನು ಕೇಳಿಕೊಂಡೇ ಮುಂದೆ ಹೋಗಲಿ.

ಹಂತ 5: ಏಳನೇ ವಾರದಿಂದ

ತಪಾಸಣೆ ಮುಗಿಸಿ ಒಪ್ಪಿಗೆ ಸಿಕ್ಕ ಮೇಲೆ ಹಾಲು ಕರೆಯಲು ಕೂರಬಹುದು, ಆದರೆ ಕುಕ್ಕರಗಾಲಲ್ಲಲ್ಲ, ಗಿಡ್ಡ ಸ್ಟೂಲಿನ ಮೇಲೆ. ಪಾತ್ರೆಯನ್ನು ತೊಡೆಗಳ ನಡುವೆ ಇರುಕಿಸಿ ಹಿಡಿಯದೆ ನೆಲದ ಮೇಲಿಡಿ. ಮೊದಲು ಸಾಧು ಹಸು, ಒಂದೇ ಹೊತ್ತು. ಮರುದಿನ ಗಾಯದ ಸುತ್ತ ಎಳೆತವಿಲ್ಲದಿದ್ದರೆ ಎರಡನೇ ಹೊತ್ತು. ಐದು ಕೆಜಿಯಿಂದ ಎಂಟಕ್ಕೆ, ಹತ್ತಕ್ಕೆ ವಾರ ವಾರ ಏರಿಸಿ. ಎತ್ತುವಾಗ ಮಂಡಿ ಮಡಿಸಿ, ವಸ್ತುವನ್ನು ಮೈಗೆ ಒತ್ತಿಕೊಂಡು, ಉಸಿರು ಬಿಡುತ್ತಾ ಎತ್ತಬೇಕು. ಉಸಿರು ಬಿಗಿಹಿಡಿದರೆ ಹೊಟ್ಟೆಯೊಳಗಿನ ಒತ್ತಡ ಏರಿ ಹೊಲಿಗೆಯ ಮೇಲೇ ಬೀಳುತ್ತದೆ.

ಬತ್ತಿಸಿದ್ದ ಹಸು ಈಯುವುದೂ ಇದೇ ಹೊತ್ತಿಗೆ. ಕರು ಎಳೆಯುವ ಪ್ರಸಂಗ ಬಂದರೆ ಹಗ್ಗ ನಿಮ್ಮ ಕೈಗೆ ಬರಬಾರದು, ಇಬ್ಬರನ್ನು ಮೊದಲೇ ಹೇಳಿಟ್ಟಿರಿ. ಹುಲ್ಲಿನ ಹೊರೆ, 50 ಕೆಜಿ ಚೀಲ, ಕ್ಯಾನ್, ತಿಪ್ಪೆಯಿಂದ ಗಾಡಿಗೆ ಗೊಬ್ಬರ ತುಂಬುವುದು, ಈ ನಾಲ್ಕೂ ಕೆಲಸ ಮೂರು ತಿಂಗಳು ತುಂಬಿದ ಮೇಲೆಯೇ. ಆಗಲೂ ಚೀಲವನ್ನು ಇಬ್ಬರು ಹಿಡಿಯಿರಿ.