ದೋಣಿಯಲ್ಲಿ ನಾನು ಬರೀ ತೂಕ

ನಾನು ದಾವಣಗೆರೆಯವನು. ನಮಗೆ ನೀರು ಅಂದರೆ ಭದ್ರಾ ನಾಲೆ. ಅದೂ ನಾಲೆಗೆ ನೀರು ಬಿಟ್ಟಾಗ ಮಾತ್ರ. ಸಮುದ್ರ ಮೊದಲು ನೋಡಿದ್ದು ಒಂಬತ್ತನೇ ಕ್ಲಾಸಿನ ಟೂರಿನಲ್ಲಿ, ಮುರ್ಡೇಶ್ವರದಲ್ಲಿ, ಪ್ಯಾಂಟ್ ಮಡಚಿ ಮೊಣಕಾಲವರೆಗೆ ಇಳಿದು. ಈಜು ಬರುತ್ತಿರಲಿಲ್ಲ. ಅಂಥವನು 36ನೇ ವಯಸ್ಸಿನಲ್ಲಿ ಕ್ಯಾಲಿಫೋರ್ನಿಯಾದ ಅಲಮೀಡಾದಲ್ಲಿ ಹಾಯಿದೋಣಿ ರೇಸಿಗೆ ಸೇರಿಕೊಂಡೆ. ಫೋನಿನಲ್ಲಿ ಅಮ್ಮನಿಗೆ ಹೇಳಿದಾಗ ಅವಳು ಕೇಳಿದ ಮೊದಲ ಪ್ರಶ್ನೆ, "ಯಾಕೋ, ಕಂಪ್ಯೂಟರ್ ಕೆಲಸ ಹೋಯ್ತಾ?"

ಓಕ್ಲೆಂಡಿಗೂ ಅಲಮೀಡಾಕ್ಕೂ ನಡುವೆ ಉದ್ದನೆಯ ಒಂದು ನೀರಿನ ಓಣಿ ಇದೆ. ಎಲ್ಲರೂ ಅದನ್ನು ಎಸ್ಚುವರಿ ಅಂತಾರೆ. ಅಲಮೀಡಾ ಹುಟ್ಟಾ ದ್ವೀಪವಲ್ಲ. 1902ರಲ್ಲಿ ಒಂದು ಕಡೆ ಅಗೆದು ಕಾಲುವೆ ಮಾಡಿದ ಮೇಲೆ ದ್ವೀಪವಾಯಿತು. ಆ ದಡದಲ್ಲಿ ಬಂದರಿನ ದೈತ್ಯ ಕ್ರೇನುಗಳು, ಈ ದಡದಲ್ಲಿ ಸಾಲಾಗಿ ಕಟ್ಟಿದ ದೋಣಿಗಳು. ಬೇಸಿಗೆಯಲ್ಲಿ ಶುಕ್ರವಾರ ಸಂಜೆ ಆಫೀಸು ಮುಗಿಸಿದ ಜನ ಇಲ್ಲಿ ಸುಮ್ನೆ ಖುಷಿಗೆ ರೇಸ್ ಮಾಡುತ್ತಾರೆ. ಇದಕ್ಕೆ ಬಿಯರ್ ಕ್ಯಾನ್ ರೇಸ್ ಅಂತ ಹೆಸರು. ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಯಾಟ್ ಕ್ಲಬ್ ಅಂದರೆ ಬಿಳಿ ಪ್ಯಾಂಟಿನ ಶ್ರೀಮಂತರು ಅಂದುಕೊಂಡಿದ್ದೆ. ಹಾಗಾಗಿ ಎರಡು ಬೇಸಿಗೆ ದಡದಲ್ಲೇ ನಿಂತು ನೋಡಿದೆ. ಒಂದು ಸಂಜೆ ಕಟ್ಟೆಯ ಮೇಲೆ ನಡೆಯುತ್ತಿದ್ದಾಗ ಒಂದು ದೋಣಿಯಿಂದ ಹೆಂಗಸೊಬ್ಬರು ಕೂಗಿದರು. "ಎರಡು ಗಂಟೆ ಬಿಡುವಿದೆಯಾ? ನಿನ್ನ ತೂಕ ಎಷ್ಟು?" ತಮಾಷೆ ಅಂದುಕೊಂಡು 78 ಕಿಲೋ ಅಂದೆ. "ಸರಿ, ಹತ್ತು" ಅಂದರು. ಅವತ್ತು ಬರಬೇಕಿದ್ದ ಇಬ್ಬರು ಕೈಕೊಟ್ಟಿದ್ದರಂತೆ. ಅವರೇ ದೋಣಿಯ ಯಜಮಾನರು, ಚುಕ್ಕಾಣಿ ಅವರದೇ. ಆಸ್ಪತ್ರೆಯಲ್ಲಿ ನರ್ಸ್. ಉಳಿದವರಲ್ಲಿ ಒಬ್ಬ ಬಡಗಿ, ಒಬ್ಬಳು ಶಾಲೆಯ ಟೀಚರ್. ಬಿಳಿ ಪ್ಯಾಂಟ್ ಯಾರೂ ಹಾಕಿರಲಿಲ್ಲ.

ಆಮೇಲೆ ತಿಳಿದ ಗುಟ್ಟು ಇದು. ಇಲ್ಲಿ ದೋಣಿಗಳಿಗೆ ಕೊರತೆ ಇಲ್ಲ, ಜನರಿಗೆ ಕೊರತೆ. ಹಳೆಯ ಕಾರಿನ ಬೆಲೆಗೆ ಹಳೆಯ ದೋಣಿ ಸಿಗುತ್ತದೆ. ಆದರೆ ಪ್ರತಿ ಶುಕ್ರವಾರ ತಪ್ಪದೆ ಬರುವ ನಾಲ್ಕು ಜನ ಸಿಗುವುದಿಲ್ಲ. ಹಾಗಾಗಿ ಯಾರಾದರೂ ಹೇಗೆ ಸೇರಿಕೊಳ್ಳುವುದು ಅಂತ ಕೇಳಿದರೆ ನಾನು ಹೇಳುವುದು ಒಂದೇ. ರೇಸಿಗೆ ಒಂದು ಗಂಟೆ ಮೊದಲು ಕಟ್ಟೆಗೆ ಹೋಗಿ ನಿಲ್ಲಿ. ನೆಲಕ್ಕೆ ಕಪ್ಪು ಗೆರೆ ಬೀಳದ ಶೂ ಹಾಕಿಕೊಳ್ಳಿ. ದಪ್ಪ ಜಾಕೆಟ್ ಮರೆಯಬೇಡಿ. ಜುಲೈ ತಿಂಗಳಲ್ಲೂ ಸಂಜೆ ಹಲ್ಲು ಕಟಕಟ ಅನ್ನುತ್ತದೆ. ಒಳನಾಡಿನ ಬಯಲು ಬಿಸಿಲಿಗೆ ಕಾದು ಅಲ್ಲಿಯ ಗಾಳಿ ಮೇಲೇರುತ್ತದೆ, ಆ ಜಾಗ ತುಂಬಲು ತಣ್ಣನೆಯ ಕಡಲ ಗಾಳಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಬಾಯಿಯಾದ ಗೋಲ್ಡನ್ ಗೇಟ್ ಸಂದಿಯಿಂದ ನುಗ್ಗಿ ಬರುತ್ತದೆ. ಬಯಲು ಎಷ್ಟು ಕಾದರೆ ನಮಗೆ ಇಲ್ಲಿ ಅಷ್ಟು ಚಳಿ.

ಮೊದಲ ದಿನ ನನ್ನ ಕೆಲಸ ತೂಕ. ಉತ್ಪ್ರೇಕ್ಷೆ ಅಲ್ಲ, ನಿಜವಾಗಿಯೂ ಅಷ್ಟೇ. ಗಾಳಿಗೆ ದೋಣಿ ಒಂದು ಕಡೆ ವಾಲುತ್ತದೆ. ಜಾಸ್ತಿ ವಾಲಿದರೆ ವೇಗ ಕಡಿಮೆ. ಅದಕ್ಕೆ ಎದುರು ಅಂಚಿನಲ್ಲಿ ಕಾಲು ಇಳಿಬಿಟ್ಟು ಜನ ಕೂರಬೇಕು. ದೋಣಿ ತಿರುಗಿದಾಗ ಬೂಮಿಗೆ ತಲೆ ತಗ್ಗಿಸಿ ಆ ಅಂಚಿನಿಂದ ಈ ಅಂಚಿಗೆ ಓಡಬೇಕು. ಬೂಮ್ ಅಂದರೆ ಹಾಯಿಯ ಬುಡದಲ್ಲಿರುವ ಅಡ್ಡ ಕೊಳವೆ. ಅದು ತಲೆಗೆ ಬಡಿದರೆ ಕತೆ ಮುಗಿದ ಹಾಗೆ. ನಾನು ಎರಡು ಪ್ರಶ್ನೆ ಕೇಳಿದೆ. ಮೂರನೆಯದಕ್ಕೆ ಬಡಗಿ ನಕ್ಕು, "ತೂಕಕ್ಕೆ ಬಾಯಿ ಇರಬಾರದು" ಅಂದ.

ನಮ್ಮ ದೋಣಿ ಕ್ಯಾಟಲಿನಾ 30. 1974ರ ನಂತರ 6 ಸಾವಿರಕ್ಕೂ ಹೆಚ್ಚು ತಯಾರಾದ ಮಾದರಿ. ಮಾರುತಿ 800 ಅಂದುಕೊಳ್ಳಿ. ಮೂವತ್ತು ಅಡಿ ಉದ್ದ, ಒಳಗೆ ಒಲೆ, ಮಂಚ, ಹಿಂದಿನ ಯಜಮಾನ ಬಿಟ್ಟು ಹೋದ ಪರದೆ. ರೇಸಿಗೆ ಅಂತ ಮಾಡಿದ್ದೇ ಅಲ್ಲ. ಗಂಟೆಗೆ 9-10 ಕಿಲೋಮೀಟರ್ ಹೋದರೆ ನಾವೆಲ್ಲ ಕೇಕೆ ಹಾಕುತ್ತೇವೆ. ಸೈಕಲ್ ಇದಕ್ಕಿಂತ ಜೋರಾಗಿ ಹೋಗುತ್ತದೆ.

ಮಾತು ಕಲಿಯುವುದೇ ಕಷ್ಟವಾಯಿತು. ಹಾಯಿಗೆ ಶೀಟ್ ಅಂತಾರೆ ಅಂದುಕೊಂಡಿದ್ದೆ, ಬಟ್ಟೆ ತಾನೇ. ಅಲ್ಲ. ಹಾಯಿಯನ್ನು ಎಳೆಯುವ ಹಗ್ಗಕ್ಕೆ ಶೀಟ್ ಅಂತಾರೆ. "ಶೀಟ್ ಬಿಡು" ಅಂದಾಗ ನಾನು ಹಾಯಿ ಹಿಡಿದು ನಿಂತಿದ್ದೆ. ಇನ್ನೊಂದು ತೊಂದರೆ ಹೆಸರಿನದು. ಯಜಮಾನರಿಗೆ ನನ್ನ ಅಮ್ಮನ ವಯಸ್ಸು. ಅವರನ್ನು ಹೆಸರು ಹಿಡಿದು ಕೂಗಲು ನಾಲಿಗೆ ಏಳುತ್ತಿರಲಿಲ್ಲ. ಮೇಡಂ ಅಂದರೆ ಎಲ್ಲರೂ ನಗುತ್ತಿದ್ದರು. ಕೊನೆಗೆ "ಸ್ಕಿಪ್" ಅಂತ ಇಟ್ಟುಕೊಂಡೆ. ಚುಕ್ಕಾಣಿ ಹಿಡಿದವರನ್ನು ಹಾಗೆ ಕರೆಯಬಹುದಂತೆ. ನನಗೆ ಅದು "ಅಕ್ಕ" ಅಂದ ಹಾಗೇ ಕೇಳಿಸುತ್ತದೆ.

ಎರಡನೇ ವಾರ ಬರಿಗೈಲಿ ಹೋಗಬಾರದು ಅಂತ ಒಂದು ಚಿಪ್ಪು ಬಾಳೆಹಣ್ಣು ಒಯ್ದೆ. ಸ್ಕಿಪ್ ಮುಖ ಸಣ್ಣಗಾಯಿತು. ದೋಣಿಗೆ ಬಾಳೆಹಣ್ಣು ತರುವುದು ಅಪಶಕುನವಂತೆ! ನಮ್ಮಲ್ಲಿ ಬಾಳೆಹಣ್ಣಿಲ್ಲದೆ ಯಾವ ಶುಭಕಾರ್ಯವೂ ಇಲ್ಲ, ಇಲ್ಲಿ ನೋಡಿದರೆ ಅದನ್ನು ಕಟ್ಟೆಯ ಮೇಲೇ ಬಿಟ್ಟು ಹೊರಟೆವು. ಮೂರನೇ ವಾರ ಊರಿನ ಅಭಿಮಾನ ಉಕ್ಕಿ ಖಾರ ಮಂಡಕ್ಕಿ ಒಯ್ದೆ. ದೋಣಿ ಗಾಳಿಗೆ ಎದುರಾಗುವ ಹೊತ್ತಿಗೇ ಡಬ್ಬಿ ತೆಗೆದೆ. ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ಅದನ್ನೇ ಮಾಡಿದೆ. ಅರ್ಧ ಕಡಲ ಹಕ್ಕಿಗಳಿಗೆ, ಅರ್ಧ ಟೀಚರಮ್ಮನ ತಲೆಗೂದಲಿಗೆ. ನಾಲ್ಕನೇ ವಾರ ಹೆಂಡತಿ ಕೋಡುಬಳೆ ಕರಿದು ಕೊಟ್ಟಳು. ಅದು ಗೆದ್ದಿತು. ಬೆರಳಿಗೆ ಸಿಕ್ಕಿಸಿಕೊಂಡರೆ ಕೈ ಹಗ್ಗ ಎಳೆಯುತ್ತಿರುತ್ತದೆ, ಬಾಯಿ ಕಡಿಯುತ್ತಿರುತ್ತದೆ. ದೋಣಿಗೆ ಅಂತಲೇ ಮಾಡಿದ ತಿಂಡಿ.

ಹೀಗೆ ಒಂದು ವರ್ಷ ಕಳೆದ ಮೇಲೆ ನನ್ನ ಕೈಗೆ ಗಡಿಯಾರ ಕೊಟ್ಟರು. ಆ ಅವಮಾನದ ಕತೆಯನ್ನೂ ಹೇಳಿಬಿಡುತ್ತೇನೆ.

ಹಾಯಿದೋಣಿ ರೇಸಿನಲ್ಲಿ ನಿಂತಲ್ಲಿಂದ ಓಡುವಂತಿಲ್ಲ. ನಿಲ್ಲಲು ಬ್ರೇಕ್ ಎಲ್ಲಿದೆ? ಎರಡು ಗುರುತುಗಳ ನಡುವೆ ಕಣ್ಣಿಗೆ ಕಾಣದ ಗೆರೆ. ಎಲ್ಲರೂ ಅದರ ಹಿಂದೆ ಸುತ್ತುತ್ತಿರುತ್ತಾರೆ. ಐದು ನಿಮಿಷ ಇರುವಾಗ ಒಂದು ಹಾರ್ನ್, ನಾಲ್ಕು ಇರುವಾಗ ಒಂದು, ಒಂದು ಇರುವಾಗ ಒಂದು, ಆಮೇಲೆ ಹೊರಡುವ ಹಾರ್ನ್. ಸೊನ್ನೆ ಆಗುವ ಕ್ಷಣಕ್ಕೆ ಸರಿಯಾಗಿ ಪೂರ್ತಿ ವೇಗದಲ್ಲಿ ಗೆರೆ ದಾಟಬೇಕು. ಮೊದಲೇ ದಾಟಿದರೆ ವಾಪಸ್ ಬರಬೇಕು. ಅವತ್ತು ಫೆರಿಯ ಗದ್ದಲದಲ್ಲಿ ನಾನು ಮೊದಲ ಹಾರ್ನ್ ಕೇಳಿಸಿಕೊಳ್ಳಲಿಲ್ಲ. ಎರಡನೆಯದನ್ನೇ ಮೊದಲನೆಯದು ಅಂದುಕೊಂಡು ಐದರಿಂದ ಎಣಿಸತೊಡಗಿದೆ. "ಇನ್ನೂ ಒಂದು ನಿಮಿಷ ಇದೆ" ಅಂತ ನಾನು ಗಂಭೀರವಾಗಿ ಹೇಳುವಾಗ ಉಳಿದ ಹನ್ನೊಂದು ದೋಣಿಗಳು ಹೊರಟು ಹೋದವು. ಸ್ಕಿಪ್ ಏನೂ ಅನ್ನಲಿಲ್ಲ. ಬೈದಿದ್ದರೆ ವಾಸಿ ಇತ್ತು.

ರೇಸ್ ಮುಗಿದ ಮೇಲೆ ಕ್ಲಬ್ಬಿನ ಬಾರಿನಲ್ಲಿ ಎಲ್ಲರೂ ಒಟ್ಟಿಗೆ ಕೂರುತ್ತಾರೆ. ಅವತ್ತು ಒಬ್ಬ ಹಿರಿಯರು ನನ್ನ ಪಕ್ಕ ಬಂದು ಕೂತು, "ಈಗ ಟೈಮ್ ಎಷ್ಟಪ್ಪಾ?" ಅಂದರು. ಇಡೀ ಟೇಬಲ್ ಬಿದ್ದು ಬಿದ್ದು ನಕ್ಕಿತು. ಹಡಗುಕಟ್ಟೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ನಿವೃತ್ತರಾದವರು ಅವರು. 22 ಅಡಿಯ ಪುಟ್ಟ ಸ್ಯಾಂಟಾನಾ ದೋಣಿಯಲ್ಲಿ ಮಗಳ ಜೊತೆ ಬರುತ್ತಿದ್ದರು. ನಮ್ಮ ನಿಜವಾದ ಎದುರಾಳಿ ಅವರೇ.

ಮಾರುತಿಗೂ ಲೂನಾಕ್ಕೂ ಎಂಥ ಪೈಪೋಟಿ ಅಂತ ನೀವು ಕೇಳಬಹುದು. ಅದಕ್ಕೆ ಒಂದು ಲೆಕ್ಕ ಇದೆ, ಪಿಎಚ್‌ಆರ್‌ಎಫ್ ಅಂತ. ಪ್ರತಿ ದೋಣಿಗೂ ಒಂದು ಅಂಕ. ನಿಧಾನ ದೋಣಿಗೆ ದೊಡ್ಡ ಅಂಕ. ನಮ್ಮದು 180, ಅವರದು 240 ಅಂತ ಇಟ್ಟುಕೊಳ್ಳಿ. ವ್ಯತ್ಯಾಸ 60. ಅಂದರೆ ಪ್ರತಿ ನಾಟಿಕಲ್ ಮೈಲಿಗೆ ನಾವು ಅವರಿಗೆ 60 ಸೆಕೆಂಡ್ ಬಿಟ್ಟುಕೊಡಬೇಕು. ದಾರಿ 4 ಮೈಲಿ ಇದ್ದರೆ 4 ನಿಮಿಷ. ಅವರಿಗಿಂತ ಮೂರೂವರೆ ನಿಮಿಷ ಮೊದಲು ಮುಟ್ಟಿ ನಾವು ಕೇಕೆ ಹಾಕಿದರೂ ಗೆದ್ದವರು ಅವರೇ. ಈ ಲೆಕ್ಕ ನ್ಯಾಯವೋ ಅಲ್ಲವೋ ಅಂತ ಪ್ರತಿ ಶುಕ್ರವಾರ ಜಗಳ. ಸೋತವರು ಅನ್ಯಾಯ ಅಂತಾರೆ, ಅಷ್ಟೇ.

ಇಷ್ಟಾಗಿಯೂ ಅವರು ನನಗೆ ಬರೀ ಎದುರು ದೋಣಿಯವರಾಗಿದ್ದರು. ಸ್ನೇಹ ಶುರುವಾದದ್ದು ಗಾಳಿ ನಿಂತ ಒಂದು ಸಂಜೆ.

ಪಡುವಣ ಗಾಳಿಗೆ ಎದುರಾಗಿ ಹೋಗಿ, ತಿರುಗಬೇಕಾದ ಗುರುತು ಸುತ್ತಿ, ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ವಾಪಸ್ ಬರುತ್ತಿದ್ದೆವು. ಸೂರ್ಯ ಇಳಿದಂತೆ ಗಾಳಿಯೂ ಇಳಿಯಿತು. ನೀರು ಮಾತ್ರ ನಿಲ್ಲಲಿಲ್ಲ. ಇಳಿತದ ಹೊತ್ತು, ಎಸ್ಚುವರಿಯ ನೀರೆಲ್ಲ ಕೊಲ್ಲಿಯ ಕಡೆ ಹರಿಯುತ್ತಿತ್ತು. ಹಾಯಿ ಜೋತುಬಿದ್ದಿದೆ, ದೋಣಿ ಮುಂದೆ ನೋಡುತ್ತಿದೆ, ಆದರೆ ದಡದ ಕಂಬಗಳು ನಮ್ಮನ್ನು ದಾಟಿ ಮುಂದೆ ಹೋಗುತ್ತಿವೆ. ನಾವು ಹಿಂದಕ್ಕೆ ಸರಿಯುತ್ತಿದ್ದೆವು. ಎಂಜಿನ್ ಹಾಕಿದರೆ ರೇಸಿನಿಂದ ಔಟ್. ಆದರೆ ಲಂಗರು ಹಾಕಬಹುದು, ನಿಯಮ ಒಪ್ಪುತ್ತದೆ. ಹಾಗಾಗಿ ಹಡಗು ಓಡಾಡುವ ದಾರಿ ಬಿಟ್ಟು ಅಂಚಿಗೆ ಸರಿದು ಸದ್ದಿಲ್ಲದೆ ಲಂಗರು ಇಳಿಸಿದೆವು. ಲಂಗರು ಇಲ್ಲದವರು ಒಬ್ಬೊಬ್ಬರಾಗಿ ಹಿಂದೆ ತೇಲಿ ಹೋದರು. ನಿಂತಲ್ಲೇ ನಿಂತು ಐದು ದೋಣಿಗಳನ್ನು ಹಿಂದೆ ಹಾಕಿದ್ದು ಅದೇ ಮೊದಲು.

ನಮ್ಮ ಹಿಂದೆ ಹತ್ತು ಮೀಟರ್ ದೂರದಲ್ಲಿ ಸ್ಯಾಂಟಾನಾ ಕೂಡ ಲಂಗರು ಹಾಕಿತು. ಕತ್ತಲಾಗುತ್ತಾ ಬಂತು. ಹಸಿವು. "ನಿಮ್ಮ ಬಳೆ ಇನ್ನೂ ಇದೆಯಾ?" ಅಂತ ಆ ಕಡೆಯಿಂದ ಕೂಗು. ಡಬ್ಬಿಯನ್ನು ಬಟ್ಟೆ ಚೀಲಕ್ಕೆ ಹಾಕಿ, ಹಗ್ಗ ಕಟ್ಟಿ, ನೀರಿನ ಹರಿವಿನಲ್ಲಿ ತೇಲಿಬಿಟ್ಟೆವು. ಸರಿಯಾಗಿ ಅವರ ಕೈಗೆ ಹೋಯಿತು. ರೇಸಿನಲ್ಲಿ ಹೊರಗಿನವರ ಸಹಾಯ ಪಡೆಯಬಾರದು ಅಂತ ನಿಯಮ ಇದೆ. ಕೋಡುಬಳೆ ಸಹಾಯವೋ ಅಲ್ಲವೋ ಅಂತ ಆಮೇಲೆ ಬಾರಿನಲ್ಲಿ ಅರ್ಧ ಗಂಟೆ ವಾದ ನಡೆಯಿತು. ಅಲ್ಲಿ ಲಂಗರು ಹಾಕಿಕೊಂಡು ಒಂದು ಗಂಟೆ ಹರಟಿದೆವು. ಅವರ ಹೆಂಡತಿ ತೀರಿಕೊಂಡು ಎರಡು ವರ್ಷ ಆಗಿತ್ತು. ಶುಕ್ರವಾರ ಅಪ್ಪನನ್ನು ಮನೆಯಿಂದ ಹೊರಗೆ ಎಳೆದು ತರಬೇಕು ಅಂತಲೇ ಮಗಳು ಬರುತ್ತಿದ್ದಳು. ಅವಳಿಗೆ ದೋಣಿ ಅಂದರೆ ಅಷ್ಟಕ್ಕಷ್ಟೇ. ಇದನ್ನೆಲ್ಲ ಅವರು ಕತ್ತಲಲ್ಲಿ ಹತ್ತು ಮೀಟರ್ ಆಚೆಯಿಂದ ಹೇಳಿದರು. ಬಾರಿನಲ್ಲಿ ಪಕ್ಕದಲ್ಲೇ ಕೂತಾಗ ಒಂದು ದಿನವೂ ಹೇಳಿರಲಿಲ್ಲ.

ಅಷ್ಟರಲ್ಲಿ ಕುತ್ತಿಗೆಯ ಹಿಂಭಾಗ ತಣ್ಣಗಾಯಿತು. ಗಾಳಿ! ಹಿಂದಿನಿಂದ ಬಂದದ್ದರಿಂದ ಮೊದಲು ಸಿಕ್ಕಿದ್ದು ಅವರಿಗೆ. ಲಂಗರು ಬಿಟ್ಟು ಓಡುವಂತಿಲ್ಲ, ಎತ್ತಿಕೊಂಡೇ ಹೋಗಬೇಕು. ಅವರದು ಪುಟ್ಟ ಲಂಗರು, ಮಗಳು ಒಂದೇ ಎಳೆತಕ್ಕೆ ಎತ್ತಿದಳು. ನಮ್ಮದು ಕೆಸರಲ್ಲಿ ಹೂತಿತ್ತು. ನಾನು, ಬಡಗಿ ಇಬ್ಬರೂ ಬಾಯಲ್ಲಿ ಕೋಡುಬಳೆ ಕಚ್ಚಿಕೊಂಡು ಎಳೆಯುವಾಗ ಸ್ಯಾಂಟಾನಾ ನಮ್ಮ ಪಕ್ಕದಲ್ಲೇ ಹಾದು ಹೋಯಿತು. ಹಿರಿಯರು ಡಬ್ಬಿ ಎತ್ತಿ ತೋರಿಸಿದರು. ಅವತ್ತು ಅಂಕದ ಲೆಕ್ಕವೇ ಬೇಕಾಗಲಿಲ್ಲ.

ಮುಂದಿನ ವಾರ ಡಬ್ಬಿ ವಾಪಸ್ ಬಂತು. ಖಾಲಿ ಅಲ್ಲ, ಅವರ ಹಿತ್ತಲಿನ ನಿಂಬೆಹಣ್ಣು ತುಂಬಿಕೊಂಡು. ಪಕ್ಕದ ಮನೆಯ ಪಾತ್ರೆಯನ್ನು ಬರಿದಾಗಿ ಕೊಡಬಾರದು ಅಂತ ಅವರಿಗೆ ಯಾರು ಹೇಳಿಕೊಟ್ಟರೋ. ಹೆಂಡತಿ ಉಪ್ಪಿನಕಾಯಿ ಹಾಕಿದಳು, ಅದೇ ಡಬ್ಬಿಯಲ್ಲಿ ಅವರ ಮನೆಗೆ ಹೋಯಿತು. ಅಲ್ಲಿಂದ ಆ ಡಬ್ಬಿ ನಿಂತಿದ್ದೇ ಇಲ್ಲ. ನಮ್ಮ ಹಾಯಿಯ ಒಂದು ಕೊಂಡಿ ಮುರಿದಾಗ ಅವರ ಗ್ಯಾರೇಜಿನಿಂದ ಬಂದದ್ದೂ ಅದರಲ್ಲೇ. 2020ರ ಮಾರ್ಚಿನಲ್ಲಿ ಎಲ್ಲ ಬಂದ್ ಆದಾಗ ರೇಸೂ ನಿಂತಿತು. ಡಬ್ಬಿ ಮಾತ್ರ ಬಾಗಿಲಿಂದ ಬಾಗಿಲಿಗೆ ಓಡಾಡಿತು. ನನಗೆ ಈಜು ಕಲಿ ಅಂತ ಬೈದು ಬೈದು ಕಳಿಸಿದವರೂ ಅವರೇ. ಲೈಫ್ ಜಾಕೆಟ್ ಇದ್ದರೆ ಸಾಕು ಅಂದುಕೊಂಡಿದ್ದೆ. ಈ ನೀರು ಎಷ್ಟು ತಣ್ಣಗಿದೆ ಅಂತ ಗೊತ್ತಿಲ್ಲ ನಿನಗೆ, ಬಿದ್ದ ತಕ್ಷಣ ಉಸಿರು ಕಟ್ಟುತ್ತದೆ, ಆಗ ಗಾಬರಿ ಆಗದಿರಲು ಈಜು ಬೇಕು ಅಂದರು. ಎಂಟು ವರ್ಷದ ಮಕ್ಕಳ ಜೊತೆ ಕ್ಲಾಸಿಗೆ ಹೋದೆ. ಮಕ್ಕಳು ನನಗಿಂತ ಬೇಗ ಕಲಿತರು.

2023ರ ಏಪ್ರಿಲ್ ಕೊನೆಯಲ್ಲಿ ನಮ್ಮ ದೇಶದ ನಾವಿಕ ಅಭಿಲಾಷ್ ಟಾಮಿ ಗೋಲ್ಡನ್ ಗ್ಲೋಬ್ ಅನ್ನೋ ಹಾಯಿದೋಣಿ ರೇಸಿನಲ್ಲಿ ಎರಡನೆಯವರಾಗಿ ಬಂದರು. ಒಬ್ಬರೇ, ಎಲ್ಲೂ ನಿಲ್ಲದೆ, ಭೂಮಿ ಸುತ್ತಿ. ಅದರ ಮುಂದಿನ ಶುಕ್ರವಾರ ಕ್ಲಬ್ಬಿನಲ್ಲಿ ನನ್ನ ಬೆನ್ನು ತಟ್ಟಿದವರಿಗೆ ಲೆಕ್ಕವಿಲ್ಲ. ಗೆದ್ದವನು ನಾನೇ ಅನ್ನೋ ಹಾಗೆ ಮೂರು ಬಿಯರ್ ಕೊಡಿಸಿದರು. ನಾನೂ ಬೇಡ ಅನ್ನಲಿಲ್ಲ.

ಕಳೆದ ಚಳಿಗಾಲದಲ್ಲಿ ಹಿರಿಯರಿಗೆ ಮೊಣಕಾಲಿನ ಆಪರೇಷನ್ ಆಯಿತು. ಪುಟ್ಟ ದೋಣಿಯಲ್ಲಿ ಬಗ್ಗಿ ಏಳುವುದು ಆಗುವುದಿಲ್ಲ ಅಂತ ಸ್ಯಾಂಟಾನಾ ಮಾರಿದರು. ಕೊಂಡವನು ಇಪ್ಪತ್ತು ದಾಟಿದ ಹುಡುಗ. ಅವತ್ತು ನಾನೂ ಹೋಗಿ ಗೂಡುಗಳನ್ನು ಖಾಲಿ ಮಾಡಲು ಕೈ ಜೋಡಿಸಿದೆ. ತುಕ್ಕು ಹಿಡಿದ ಮೊಳೆ, ಒದ್ದೆ ಕೈಗವಸು, ಒಂದು ಮೂಲೆಯಲ್ಲಿ ನಮ್ಮ ಡಬ್ಬಿ. ಮನೆಗೆ ಬಂದು ತೆಗೆದು ನೋಡಿದರೆ ಒಳಗೆ ಅವರ ಹಳದಿ ಸ್ಟಾಪ್‌ವಾಚ್. ಐದು ನಿಮಿಷಕ್ಕೆ ಹೊಂದಿಸಿ ಇಟ್ಟಿದ್ದರು.

ಈ ವರ್ಷ ಅವರು ನಮ್ಮ ದೋಣಿಯಲ್ಲಿದ್ದಾರೆ. ಓಡಾಡುವ ಕೆಲಸ ಬೇಡ ಅಂತ ಸ್ಕಿಪ್ ಅವರನ್ನು ಅಂಚಿನಲ್ಲಿ ಕೂರಿಸುತ್ತಾರೆ, ನನ್ನ ಹಳೆಯ ಜಾಗದಲ್ಲಿ. ಹಗ್ಗ ಸಡಿಲ ಆಯ್ತು, ಹಾಯಿ ಮಡಚಿಕೊಂಡಿದೆ, ದಡಕ್ಕೆ ಹತ್ತಿರ ಹೋಗಿ, ಅಲ್ಲಿ ಹರಿವು ಕಮ್ಮಿ, ಯಾಕೆ ಇಷ್ಟು ಬೇಗ ತಿರುಗಿಸಿದಿರಿ ಅಂತ ಎರಡು ಗಂಟೆ ಒಂದೇ ಸಮನೆ ಹೇಳುತ್ತಿರುತ್ತಾರೆ. ತೂಕಕ್ಕೆ ಬಾಯಿ ಇರಬಾರದು ಅಂತ ಅವರಿಗೆ ಹೇಳುವವರು ಯಾರು? ಬಡಗಿ ನನ್ನ ಮುಖ ನೋಡುತ್ತಾನೆ, ನಾನು ಗಡಿಯಾರ ನೋಡುತ್ತೇನೆ.