ಒಟೊಮೆ ಗೇಮ್ ಆಡುವ ಬಗೆ: ಮೊದಲ ಆಯ್ಕೆಯಿಂದ ಕೊನೆಯ ರೂಟ್‌ವರೆಗೆ

ಜಪಾನಿನಲ್ಲಿ ಮಹಿಳೆಯರಿಗೆಂದೇ ರಚನೆಯಾಗುವ ಪ್ರಣಯಪ್ರಧಾನ ಆಟಗಳನ್ನು ಒಟೊಮೆ ಗೇಮ್ ಎನ್ನುತ್ತಾರೆ. ಇವುಗಳಲ್ಲಿ ಹೆಚ್ಚಿನವು ವಿಷುವಲ್ ನಾವೆಲ್‌ಗಳು. ಪರದೆಯ ಮೇಲೆ ಪಾತ್ರಗಳ ಚಿತ್ರ, ಅದರ ಕೆಳಗೆ ಸಾಲುಸಾಲಾಗಿ ಮೂಡುವ ಬರಹ, ಕಂಠದಾನ ಕಲಾವಿದರ ದನಿ, ಹಿನ್ನೆಲೆ ಸಂಗೀತ, ನಡುನಡುವೆ ನಾಯಕಿಯ ಪರವಾಗಿ ನಾವು ಮಾಡಬೇಕಾದ ಆಯ್ಕೆಗಳು ಇವುಗಳಲ್ಲಿರುತ್ತವೆ. ಕೈಚಳಕವಾಗಲಿ ವೇಗವಾಗಲಿ ಇಲ್ಲಿ ಬೇಕಿಲ್ಲ. ಓದುವ ತಾಳ್ಮೆ ಇದ್ದರೆ ಸಾಕು. ಹಾಗಿದ್ದರೂ ಮೊದಲ ಬಾರಿಗೆ ಆಡುವವರಲ್ಲಿ ಕೆಲವರು ಒಂದು ಅಂತ್ಯವನ್ನು ಮುಟ್ಟಿದ ಕೂಡಲೇ ಕಥೆ ಮುಗಿಯಿತೆಂದು ಆಟವನ್ನು ಬದಿಗಿಡುತ್ತಾರೆ. ಒಳ್ಳೆಯ ಒಟೊಮೆ ಗೇಮ್ ಒಂದು ಅಂತ್ಯಕ್ಕೆ ಮುಗಿಯುವಂಥದ್ದಲ್ಲ. ಒಂದೇ ಸನ್ನಿವೇಶವನ್ನು ನಾಲ್ಕೈದು ದಾರಿಗಳಲ್ಲಿ, ಅಂದರೆ ಒಬ್ಬೊಬ್ಬ ಪ್ರಿಯಕರನ ಕಥೆಯ ಕವಲಾದ ‘ರೂಟ್’ಗಳಲ್ಲಿ, ನಡೆದು ನೋಡಿದಾಗ ಮಾತ್ರ ಅದರ ಪೂರ್ಣ ಚಿತ್ರ ದೊರೆಯುತ್ತದೆ. ಆದ್ದರಿಂದ ಯಾವ ದಾರಿಯನ್ನು ಯಾವಾಗ ಹಿಡಿಯಬೇಕೆಂಬ ವಿವೇಚನೆಯೇ ಇಲ್ಲಿ ಆಡುವವರ ಮುಖ್ಯ ಕೌಶಲವೆಂದು ನನ್ನ ನಂಬಿಕೆ.

ಆಟವನ್ನು ಆರಿಸುವ ಮೊದಲು ಈ ಪ್ರಕಾರದ ಎರಡು ಕವಲುಗಳನ್ನು ತಿಳಿದಿರುವುದು ಒಳ್ಳೆಯದು. ಕೋಯೆಯ್ ಕಂಪನಿಯ ರೂಬಿ ಪಾರ್ಟಿ ತಂಡವು 1994ರಲ್ಲಿ ಆಟದ ಯಂತ್ರವಾದ ಸೂಪರ್ ಫಾಮಿಕಾಮ್‌ಗಾಗಿ ಹೊರತಂದ ‘ಆಂಜೆಲಿಕ್’ ಅನ್ನು ಈ ಪ್ರಕಾರದ ಮೊದಲ ಆಟವೆಂದು ಗುರುತಿಸಲಾಗುತ್ತದೆ. ರಾಣಿಯ ಪದವಿಗೆ ಸ್ಪರ್ಧಿಸುವ ಹುಡುಗಿಯೊಬ್ಬಳು ತನಗೆ ವಹಿಸಿದ ಭೂಖಂಡವನ್ನು ಬೆಳೆಸುತ್ತ, ತನಗೆ ನೆರವಾಗುವ ರಕ್ಷಕರಲ್ಲಿ ಒಬ್ಬರನ್ನು ಪ್ರೀತಿಸಬಹುದಾದ ಆಟವದು. ಅಲ್ಲಿ ಓದಿಗಿಂತ ಯೋಜನೆಗೆ ಹೆಚ್ಚು ಬೆಲೆ. ಕೊನಾಮಿ 2002ರಲ್ಲಿ ತಂದ ‘ತೊಕಿಮೆಕಿ ಮೆಮೋರಿಯಲ್ ಗರ್ಲ್ಸ್ ಸೈಡ್’ ಕೂಡ ಇದೇ ಕವಲಿನದು. ಪ್ರೌಢಶಾಲೆಯ ಮೂರು ವರ್ಷಗಳನ್ನು ವಾರವಾರವೂ ಯೋಜಿಸಿ, ಓದು, ಕ್ರೀಡೆ, ಉಡುಗೆಯ ಅಭಿರುಚಿ ಮುಂತಾದ ಗುಣಗಳನ್ನು ಬೆಳೆಸಿಕೊಳ್ಳಬೇಕು. ಐಡಿಯಾ ಫ್ಯಾಕ್ಟರಿಯ ಒಟೊಮೇಟ್ ವಿಭಾಗವು 2008ರಲ್ಲಿ ಪ್ಲೇಸ್ಟೇಷನ್ 2ಕ್ಕೆ ತಂದ ‘ಹಕುಓಕಿ’ ಇನ್ನೊಂದು ಕವಲಿಗೆ ಸೇರುತ್ತದೆ. ಅಲ್ಲಿ ಬಹುತೇಕ ಎಲ್ಲವೂ ಓದು, ಆಯ್ಕೆಗಳು ವಿರಳ. ಇಂದು ಇಂಗ್ಲಿಷಿನಲ್ಲಿ ದೊರೆಯುವ ಒಟೊಮೆ ಗೇಮ್‌ಗಳಲ್ಲಿ ಹೆಚ್ಚಿನವು ಈ ಎರಡನೆಯ ಬಗೆಯವು, ಈ ಲೇಖನವೂ ಮುಖ್ಯವಾಗಿ ಅವುಗಳ ಕುರಿತದ್ದು.

ಮೊದಲ ಆಟವಾಗಿ ಯಾವುದನ್ನು ಹಿಡಿಯಬೇಕೆಂದು ಕೇಳುವವರಿಗೆ ನಾನು ‘ಕೋಡ್: ರಿಯಲೈಸ್’ ಅನ್ನು ಸೂಚಿಸುತ್ತೇನೆ. ಮೈಯೆಲ್ಲ ವಿಷವಾಗಿ, ಮುಟ್ಟಿದ್ದೆಲ್ಲವನ್ನೂ ಕರಗಿಸಿಬಿಡುವ ಕಾರ್ಡಿಯಾ ಎಂಬ ಹುಡುಗಿ ಹಬೆಯಂತ್ರಗಳ ಲಂಡನ್ನಿನಲ್ಲಿ ತನ್ನ ತಂದೆಯನ್ನು ಹುಡುಕಿಕೊಂಡು ಹೋಗುವ ಕಥೆಯದು. ಯಾರನ್ನೂ ಮುಟ್ಟಲಾಗದವಳ ಪ್ರೇಮಕಥೆಯಾದ್ದರಿಂದ ಪ್ರತಿಯೊಂದು ಹತ್ತಿರದ ಕ್ಷಣಕ್ಕೂ ಅಲ್ಲಿ ತೂಕವಿದೆ. ನಾಯಕಿ ಕೇವಲ ನೋಡುತ್ತ ನಿಲ್ಲುವವಳಲ್ಲ, ಕಲಿಯುತ್ತ ಬಲವಾಗುವವಳು. ಇತಿಹಾಸದಲ್ಲಿ ಆಸಕ್ತಿಯಿದ್ದರೆ ‘ಹಕುಓಕಿ’ ಸೂಕ್ತ. 1863ರಲ್ಲಿ ಕ್ಯೋಟೋದಲ್ಲಿ ರೂಪುಗೊಂಡ ಶಿನ್‌ಸೆನ್‌ಗುಮಿ ಎಂಬ ನಿಜವಾದ ಖಡ್ಗಧಾರಿ ಪಡೆಯ ಏಳುಬೀಳುಗಳೇ ಅದರ ಬೆನ್ನೆಲುಬು. ಅದರ ವಿಸ್ತೃತ ಆವೃತ್ತಿ ಇಂಗ್ಲಿಷಿನಲ್ಲಿ ಮೊದಲು ‘ಕ್ಯೋಟೋ ವಿಂಡ್ಸ್’ ಮತ್ತು ‘ಎಡೊ ಬ್ಲಾಸಮ್ಸ್’ ಎಂದು ಎರಡು ಭಾಗಗಳಾಗಿ ಬಂದಿತ್ತು. ಮೊದಲ ಭಾಗವನ್ನಷ್ಟೇ ಕೊಂಡವರಿಗೆ ಕಥೆ ಅರ್ಧದಲ್ಲಿ ನಿಂತಂತಾಗುವುದು ಸಹಜ. ನಿಂಟೆಂಡೋ ಸ್ವಿಚ್‌ಗೆ ಬಂದ ‘ಕ್ರಾನಿಕಲ್ಸ್ ಆಫ್ ವಿಂಡ್ ಅಂಡ್ ಬ್ಲಾಸಮ್’ನಲ್ಲಿ ಎರಡೂ ಭಾಗಗಳು ಒಟ್ಟಿಗಿವೆ.

ಚಿತ್ರಗಳ ಸೊಗಸನ್ನು ಕಂಡು ಎಲ್ಲ ಒಟೊಮೆ ಗೇಮ್‌ಗಳೂ ಮೃದುವಾದವೆಂದು ಊಹಿಸಬಾರದು. ‘ಅಮ್ನೀಸಿಯಾ: ಮೆಮರೀಸ್’ನ ಡೈಮಂಡ್ ದಾರಿಯಲ್ಲಿ ನಾಯಕಿಯನ್ನು ಬಲವಂತವಾಗಿ ಕೂಡಿಹಾಕುವ ಪ್ರಸಂಗವಿದೆ, 1925ರ ಇಟಲಿಯ ಕಾಲ್ಪನಿಕ ಪಟ್ಟಣದಲ್ಲಿ ನಡೆಯುವ ‘ಪಿಯೋಫಿಯೋರೆ’ ಮಾಫಿಯಾ ಕಥೆ, ಅದರ ದುರಂತ ಅಂತ್ಯಗಳು ಕ್ರೂರವಾಗಿವೆ. ಜಪಾನಿನ ಸೆರೋ ಸಂಸ್ಥೆ ಕೊಡುವ ದರ್ಜೆಯಲ್ಲಿ ಬಿ ಎಂದರೆ 12 ವರ್ಷ ಮೇಲ್ಪಟ್ಟವರಿಗೆ, ಸಿ ಎಂದರೆ 15, ಡಿ ಎಂದರೆ 17. ಆಟವನ್ನು ಕೊಳ್ಳುವ ಮೊದಲು ಈ ದರ್ಜೆಯನ್ನೂ ವಿಷಯದ ಎಚ್ಚರಿಕೆಗಳನ್ನೂ ಓದಿ, ನಮಗೆ ಸಹಿಸಲಾಗದ್ದು ಅಲ್ಲಿದೆಯೇ ಎಂದು ನೋಡಿಕೊಳ್ಳುವುದರಿಂದ ಕಥೆಯ ರುಚಿ ಕೆಡುವುದಿಲ್ಲ.

ಆಟ ತೆರೆದ ಕೂಡಲೇ ನಾಯಕಿಗೆ ಹೆಸರಿಡುವಂತೆ ಕೇಳಬಹುದು. ಸ್ವಂತ ಹೆಸರಿಟ್ಟರೆ ಸಾಮಾನ್ಯವಾಗಿ ಪಾತ್ರಗಳು ಆ ಹೆಸರನ್ನು ದನಿಯಲ್ಲಿ ಉಚ್ಚರಿಸುವುದಿಲ್ಲ. ಬರಹದಲ್ಲಿ ಹೆಸರಿದ್ದರೂ ಸಂಭಾಷಣೆಯಲ್ಲಿ ಅದು ಹಾರಿಹೋಗುತ್ತದೆ ಅಥವಾ ‘ನೀನು’ ಎಂದಾಗುತ್ತದೆ. ಆಟವೇ ಕೊಟ್ಟ ಹೆಸರನ್ನು ಉಳಿಸಿಕೊಂಡರೆ ಅನೇಕ ಆಟಗಳಲ್ಲಿ ಪ್ರಿಯಕರನ ಬಾಯಲ್ಲಿ ಅದನ್ನು ಕೇಳಬಹುದು, ಆ ಒಂದು ಕರೆಯಲ್ಲಿ ಕಲಾವಿದರು ತುಂಬುವ ಭಾವ ಪುಟಗಟ್ಟಲೆ ವರ್ಣನೆಗೆ ಸಮ. ನನ್ನ ಸಲಹೆ ಮೂಲ ಹೆಸರಿನ ಪರವಾಗಿದೆ. ಬಳಿಕ ಸೆಟ್ಟಿಂಗ್ಸ್‌ಗೆ ಹೋಗಿ ಬರಹವನ್ನು ವೇಗವಾಗಿ ದಾಟಿಸುವ ಸ್ಕಿಪ್ ಅನ್ನು ‘ಓದಿದ ಭಾಗ ಮಾತ್ರ’ ಎಂದು ಇರಿಸಿಕೊಳ್ಳಬೇಕು. ಇಲ್ಲವಾದರೆ ಎರಡನೆಯ ರೂಟ್‌ನಲ್ಲಿ ವೇಗವಾಗಿ ದಾಟುವಾಗ ಹೊಸ ದೃಶ್ಯಗಳು ಕಣ್ಣಿಗೆ ಬೀಳದೆ ಜಾರಿಹೋಗುತ್ತವೆ. ಗುಂಡಿ ಒತ್ತಿದಾಗ ದನಿ ನಿಲ್ಲದಿರುವ ಆಯ್ಕೆ ಇದ್ದರೆ ಅದನ್ನೂ ಚಾಲೂ ಮಾಡುವುದು ಒಳಿತು. ಕಣ್ಣು ಸಾಲನ್ನು ಓದಿ ಮುಗಿಸಿದ ಮಾತ್ರಕ್ಕೆ ದನಿಯನ್ನು ಕತ್ತರಿಸಿಬಿಡುವ ಅಭ್ಯಾಸದಿಂದ ಈ ಆಟಗಳ ಅರ್ಧ ಸೊಗಸು ನಷ್ಟವಾಗುತ್ತದೆ.

ಸೇವ್ ಮಾಡುವುದರಲ್ಲಿ ಜಿಪುಣತನ ಬೇಡ. ಆಟಗಳು ಧಾರಾಳವಾಗಿ ಸ್ಥಳ ಕೊಡುತ್ತವೆ. ಪ್ರತಿ ಆಯ್ಕೆಯ ಮೊದಲು ಒಂದು ಸೇವ್, ಪ್ರತಿ ಅಧ್ಯಾಯದ ಆರಂಭದಲ್ಲಿ ಒಂದು, ಸಾಮಾನ್ಯ ಕಥಾಭಾಗ ಮುಗಿದು ಒಬ್ಬನ ರೂಟ್ ಶುರುವಾಗುವ ಕವಲಿನಲ್ಲಿ ಅಳಿಸದೆ ಕಾಪಾಡುವ ಒಂದು: ಇಷ್ಟಿದ್ದರೆ ಹಿಂತಿರುಗಿ ನಡೆಯುವುದು ಸುಲಭ.

ಇನ್ನು ಆಯ್ಕೆಗಳ ವಿಷಯ. ಪ್ರತಿ ಪಾತ್ರಕ್ಕೂ ಆಟವು ಒಳಗೊಳಗೇ ಒಲವಿನ ಅಂಕವೊಂದನ್ನು ಎಣಿಸುತ್ತಿರುತ್ತದೆ. ಎಲ್ಲರಿಗೂ ಸಾಮಾನ್ಯವಾದ ಕಥಾಭಾಗ, ಅಂದರೆ ಕಾಮನ್ ರೂಟ್, ಮುಗಿಯುವ ಹೊತ್ತಿಗೆ ಯಾರ ಅಂಕ ಮುಂದಿದೆಯೋ ಅವರ ಕಡೆಗೆ ಕಥೆ ತಿರುಗುತ್ತದೆ, ಅಂಕ ಸಾಲದಿದ್ದರೆ ಅಕಾಲಿಕವಾದ ಕೆಟ್ಟ ಅಂತ್ಯದಲ್ಲಿ ನಿಲ್ಲುತ್ತದೆ. ಕೆಲವು ಆಟಗಳಲ್ಲಿ ಎರಡನೆಯ ಎಣಿಕೆಯೂ ಇರುತ್ತದೆ. ‘ಹಕುಓಕಿ’ಯಲ್ಲಿ ಒಲವಿನ ಜೊತೆಗೆ, ರಕ್ಕಸತನಕ್ಕೆ ತಿರುಗಿದ ಪಾತ್ರ ಎಷ್ಟರಮಟ್ಟಿಗೆ ಹಾಳಾಗುತ್ತಿದೆಯೆಂಬುದನ್ನೂ ಗಮನಿಸಬೇಕು. ಸರಿಯಾದ ಆಯ್ಕೆಗೆ ಹೂವು, ಮಿಂಚು ಮುಂತಾದ ಗುರುತು ತೋರಿಸುವ ಆಟಗಳೂ ಇವೆ. ಮೊದಲ ಓದಿನಲ್ಲಿ ಆ ಗುರುತನ್ನು ಆಫ್ ಮಾಡಿಡುವ ಅವಕಾಶವಿದ್ದರೆ ಹಾಗೆ ಮಾಡುವುದೇ ನನಗೆ ಹಿತ, ಏಕೆಂದರೆ ಗುರುತು ಕಾಣದಿದ್ದಾಗ ಮನಸ್ಸು ಎದುರಿಗಿರುವ ವ್ಯಕ್ತಿಯ ಮುಖವನ್ನು ಹೆಚ್ಚು ಗಮನಿಸುತ್ತದೆ.

ಆಯ್ಕೆಯಲ್ಲಿ ಎಲ್ಲರನ್ನೂ ಮೆಚ್ಚಿಸುವ ಉತ್ತರವನ್ನು ಹುಡುಕಬಾರದು. ಯಾರ ರೂಟ್ ಬೇಕೆಂದು ಮೊದಲೇ ನಿಶ್ಚಯಿಸಿ, ಆ ವ್ಯಕ್ತಿ ಏನನ್ನು ಗೌರವಿಸುತ್ತಾನೆಂದು ಯೋಚಿಸಬೇಕು. ಒಬ್ಬನಿಗೆ ನೇರ ಪ್ರಶ್ನೆ ಇಷ್ಟವಾದರೆ ಇನ್ನೊಬ್ಬನಿಗೆ ಕೇಳದೆ ಬಿಡುವ ಸೌಜನ್ಯ ಇಷ್ಟವಾಗಬಹುದು. ಗಾಯವನ್ನು ಮುಚ್ಚಿಡುವವನಿಗೆ ಸಾಂತ್ವನದ ಮಾತಿಗಿಂತ ಜೊತೆಯಲ್ಲಿ ನಿಲ್ಲುವ ನಿರ್ಧಾರ ಹೆಚ್ಚು ಹತ್ತಿರವಾಗಬಹುದು. ಸಂದೇಹ ಬಂದಾಗ, ಕಳೆದ ಸಾಲುಗಳನ್ನು ಮತ್ತೆ ತೋರಿಸುವ ಬ್ಯಾಕ್‌ಲಾಗ್ ತೆರೆದು ಹಿಂದಿನ ಹತ್ತಿಪ್ಪತ್ತು ಸಾಲುಗಳನ್ನು ಮತ್ತೆ ಓದಿದರೆ ಲೇಖಕರು ಬಿಟ್ಟ ಸುಳಿವು ಬಹುಮಟ್ಟಿಗೆ ಅಲ್ಲೇ ಸಿಗುತ್ತದೆ. ಎಲ್ಲಿ ಯಾವ ಆಯ್ಕೆ ಮಾಡಬೇಕೆಂದು ಹೇಳಿಕೊಡುವ, ಅಂತರ್ಜಾಲದಲ್ಲಿ ಸಿಗುವ ವಾಕ್‌ಥ್ರೂಗಳನ್ನು ದೂರವಿಡಬೇಕೆಂದು ನಾನು ಹೇಳಲಾರೆ, ಆದರೆ ಅವಕ್ಕೆ ಸಮಯವಿದೆ. ಮೊದಲ ರೂಟ್ ಅನ್ನು ಯಾರ ನೆರವೂ ಇಲ್ಲದೆ ಓದಿ. ಒಂದೇ ಕೆಟ್ಟ ಅಂತ್ಯಕ್ಕೆ ಮತ್ತೆಮತ್ತೆ ಬಂದು ಬೀಳುತ್ತಿದ್ದರೆ ಆಗ ಮಾತ್ರ ನೋಡಿ. ರೂಟ್‌ಗಳ ಕ್ರಮದ ಬಗ್ಗೆ ಇತರರು ಬರೆದದ್ದನ್ನು ಓದುವುದಾದರೆ, ಕಾರಣ ವಿವರಿಸುವ ಭಾಗವನ್ನು ಬಿಟ್ಟು ಹೆಸರುಗಳ ಪಟ್ಟಿಯನ್ನಷ್ಟೇ ನೋಡುವುದು ಕ್ಷೇಮ, ಏಕೆಂದರೆ ಆ ಕಾರಣಗಳಲ್ಲೇ ಕಥೆಯ ಗುಟ್ಟುಗಳು ಅಡಗಿರುತ್ತವೆ.

ಕ್ರಮದ ಪ್ರಶ್ನೆಯನ್ನು ಅನೇಕ ಆಟಗಳು ತಾವೇ ಭಾಗಶಃ ಬಗೆಹರಿಸುತ್ತವೆ. ‘ಕೋಡ್: ರಿಯಲೈಸ್’ನಲ್ಲಿ ಉಳಿದ ನಾಲ್ವರು ಪ್ರಿಯಕರರ ಕಥೆ ಮುಗಿಯುವವರೆಗೆ ಐದನೆಯವನಾದ ಲೂಪಿನ್‌ನ ರೂಟ್ ಬೀಗ ಹಾಕಿಕೊಂಡಿರುತ್ತದೆ. ಟೋಕಿಯೋದ ಶಿಂಜುಕುವಿನಲ್ಲಿ ನಡೆಯುವ ‘ಕಾಲರ್ × ಮ್ಯಾಲಿಸ್’ನಲ್ಲಿ, ಕುತ್ತಿಗೆಗೆ ವಿಷದ ಪಟ್ಟಿ ಬಿಗಿಸಿಕೊಂಡ ಪೊಲೀಸ್ ಯುವತಿ ಹೊಶಿನೊ ಇಚಿಕಾ ಸರಣಿ ಅಪರಾಧಗಳ ಬೆನ್ನು ಹತ್ತುತ್ತಾಳೆ, ಅಲ್ಲಿಯೂ ಯಾನಗಿ ಐಜಿ ಎಂಬವನ ರೂಟ್ ಎಲ್ಲರದ್ದಕ್ಕಿಂತ ಕೊನೆಗೆ ತೆರೆಯುತ್ತದೆ. ‘ಅಮ್ನೀಸಿಯಾ’ದಲ್ಲಿ ಕಾಮನ್ ರೂಟ್ ಎಂಬುದೇ ಇಲ್ಲ, ಹಾರ್ಟ್, ಸ್ಪೇಡ್, ಕ್ಲೋವರ್, ಡೈಮಂಡ್ ಎಂಬ ನಾಲ್ಕು ಲೋಕಗಳಲ್ಲಿ ಒಂದನ್ನು ಆರಂಭದಲ್ಲೇ ಆರಿಸಬೇಕು, ಆ ನಾಲ್ಕೂ ಮುಗಿದ ಮೇಲೆ ನಾಯಕಿಯ ನೆನಪು ಅಳಿಸಿದ್ದೇಕೆಂಬ ಪ್ರಶ್ನೆಗೆ ಉತ್ತರ ಕೊಡುವ ಜೋಕರ್ ದಾರಿ ತೆರೆಯುತ್ತದೆ. ಇಂಥ ಬೀಗಗಳನ್ನು ಅಡ್ಡಿಯೆಂದು ಭಾವಿಸಬೇಕಿಲ್ಲ. ಮೊದಲ ರೂಟ್‌ನಲ್ಲಿ ನಮಗೆ ಅರ್ಥವಾಗದೆ ಉಳಿದ ಒಂದು ಮೌನ, ಒಂದು ಹಿಂಜರಿಕೆ ಕೊನೆಯ ರೂಟ್‌ನಲ್ಲಿ ಬೇರೆಯದೇ ಅರ್ಥದೊಂದಿಗೆ ಮರಳಲಿ ಎಂದೇ ಲೇಖಕರು ಹಾಗೆ ಜೋಡಿಸಿರುತ್ತಾರೆ.

ಬೀಗವಿಲ್ಲದ ರೂಟ್‌ಗಳ ನಡುವೆ ಆಯ್ಕೆ ನಮ್ಮದೇ. ಮುಖ್ಯ ರಹಸ್ಯದಿಂದ ದೂರ ನಿಂತಿರುವ ಪಾತ್ರದಿಂದ ಆರಂಭಿಸಿ ರಹಸ್ಯದ ಹತ್ತಿರವಿರುವವನ ಕಡೆಗೆ ಸಾಗುವುದು ನಾನು ಪಾಲಿಸುವ ಕ್ರಮ. ಯಾರು ದೂರ, ಯಾರು ಹತ್ತಿರ ಎಂಬುದು ಕಾಮನ್ ರೂಟ್‌ನಲ್ಲೇ ಗೊತ್ತಾಗುತ್ತದೆ: ನಾಯಕಿಯಷ್ಟೇ ಅರಿಯದವನಾಗಿ ಅವಳ ಜೊತೆ ಬೆರಗಾಗುವವನು ದೂರದವನು; ಕೇಳಿದ ಪ್ರಶ್ನೆಗೆ ಮಾತು ಬದಲಿಸುವವನು, ಹೇಳಬೇಕಾದದ್ದಕ್ಕಿಂತ ಹೆಚ್ಚು ತಿಳಿದಿರುವವನು ಹತ್ತಿರದವನು. ಆಟದ ಹೊದಿಕೆಚಿತ್ರದ ನಡುವೆ ನಿಂತಿರುವ ಪಾತ್ರವನ್ನು ಕೊನೆಗೆ ಇಟ್ಟುಕೊಂಡರೆ ಸಾಮಾನ್ಯವಾಗಿ ನಷ್ಟವಿಲ್ಲ. ಅತ್ಯಂತ ಮೆಚ್ಚಿದವನನ್ನೇ ಮೊದಲು ಓದಿದರೆ ಉಳಿದವರ ಕಥೆಗಳಲ್ಲಿ ಮನಸ್ಸು ನಿಲ್ಲದೆ ಹೋಗಬಹುದು. ಮೊದಲ ನೋಟಕ್ಕೆ ಹಿಡಿಸದವನನ್ನು ಮೊದಲೇ ಓದಿದರೆ ಆಟವನ್ನೇ ಬಿಡುವ ಸಂಭವವಿದೆ. ಮೊದಲನೆಯದಕ್ಕೆ ಒಂದಿಷ್ಟು ಕುತೂಹಲ ಹುಟ್ಟಿಸಿದವನು ಸರಿ. ಒಂದು ರೂಟ್ ಮುಗಿದ ಕೂಡಲೇ ಇನ್ನೊಂದಕ್ಕೆ ಹಾರದೆ ಕೆಲವು ದಿನ ಬಿಡುವುದು ನಿಜಕ್ಕೂ ಅಗತ್ಯ, ಏಕೆಂದರೆ ನಿನ್ನೆ ಪ್ರಾಣ ಕೊಟ್ಟವನು ಇಂದು ಅಪರಿಚಿತನಂತೆ ಎದುರಾಗುವುದನ್ನು ಒಪ್ಪಿಕೊಳ್ಳಲು ಮನಸ್ಸಿಗೆ ಸಮಯ ಬೇಕು.

ಕೆಟ್ಟ ಅಂತ್ಯಗಳನ್ನು ತಪ್ಪಿಸಿಕೊಂಡು ಹೋಗುವವರಿಗೆ ಒಂದು ವಿನಂತಿಯಿದೆ. ಅವು ಸೋಲಿನ ಸೂಚನೆಗಳಷ್ಟೇ ಅಲ್ಲ. ನಾಯಕಿಯ ನಂಬಿಕೆ ಕಡಿಮೆಯಾದರೆ ಅದೇ ಪ್ರೀತಿ ಯಾವ ರೂಪ ತಾಳುತ್ತಿತ್ತೆಂದು ತೋರಿಸುವ ದೃಶ್ಯಗಳು. ಖಳನ ಉದ್ದೇಶವೋ ಪ್ರಿಯಕರನ ಭಯವೋ ಕೆಲವೊಮ್ಮೆ ಅಲ್ಲಿ ಮಾತ್ರ ಬಾಯಿ ಬಿಡುತ್ತದೆ. ಒಳ್ಳೆಯ ಅಂತ್ಯಕ್ಕೆ ಮೊದಲೇ ಅವುಗಳನ್ನು ಓದಿ ಮುಗಿಸಿದರೆ ಆ ರೂಟ್‌ನಿಂದ ಹೊರಡುವಾಗ ಮನಸ್ಸಿನಲ್ಲಿ ಸಂತೋಷದ ದೃಶ್ಯ ಉಳಿಯುತ್ತದೆ. ಕಂಡ ಚಿತ್ರಗಳನ್ನು ಆಟವು ಕೂಡಿಡುವ ಗ್ಯಾಲರಿಯಲ್ಲಿ ಖಾಲಿ ಉಳಿದ ಚೌಕಗಳಿದ್ದರೆ ಇನ್ನೂ ಕಾಣದ ಚಿತ್ರಗಳಿವೆಯೆಂದು ಅರ್ಥ; ಕವಲಿನ ಸೇವ್‌ಗೆ ಮರಳಿ ಬೇರೆ ಉತ್ತರ ಕೊಟ್ಟು ನೋಡಬೇಕು.

ಮೊಬೈಲ್‌ನಲ್ಲಿ ಆಡುವವರು ಹಣದ ಕಡೆ ಗಮನವಿಡಬೇಕು. ‘ಇಕೆಮೆನ್’ ಸರಣಿಯಂಥ ಆಟಗಳನ್ನು ಉಚಿತವಾಗಿ ಶುರುಮಾಡಬಹುದಾದರೂ, ದಿನಕ್ಕೆ ಇಷ್ಟೇ ಭಾಗ ಓದಬಹುದೆಂಬ ಮಿತಿ, ಮುಂದುವರಿಯಲು ದಾಟಬೇಕಾದ ಪರೀಕ್ಷೆಗಳು, ಅದೃಷ್ಟದ ಮೇಲೆ ನಿಂತ ಉಡುಗೊರೆಗಳು ಕೊಳ್ಳುವಂತೆ ಒತ್ತಾಯಿಸುತ್ತವೆ. ಒಮ್ಮೆ ಹಣ ಕೊಟ್ಟು ಪೂರ್ತಿ ಓದಬಹುದಾದ ಸ್ವಿಚ್ ಅಥವಾ ಕಂಪ್ಯೂಟರ್ ಆವೃತ್ತಿಗಳೇ ಹೊಸಬರಿಗೆ ನೆಮ್ಮದಿಯ ದಾರಿ.

ಜಪಾನೀ ಭಾಷೆ ಕಲಿಯುತ್ತಿರುವವರಿಗೆ ಈ ಆಟಗಳು ಒಳ್ಳೆಯ ಪಠ್ಯ. ಪ್ರತಿ ಸಾಲನ್ನೂ ನುರಿತ ದನಿಯಲ್ಲಿ ಮತ್ತೆಮತ್ತೆ ಕೇಳಲು ಬ್ಯಾಕ್‌ಲಾಗ್ ಅನುವು ಮಾಡಿಕೊಡುತ್ತದೆ. ಶಾಲೆಯೋ ಕಚೇರಿಯೋ ಇರುವ ಇಂದಿನ ಕಾಲದ ಕಥೆಯಿಂದ ಶುರುಮಾಡುವುದು ಸರಿ. ‘ಹಕುಓಕಿ’ಯಲ್ಲಿ ಬರುವ ಸೈನಿಕ ಪದವಿಗಳೂ ಹಳೆಯ ಕಾಲದ ಮಾತಿನ ಧಾಟಿಯೂ ಆರಂಭಿಕರನ್ನು ದಣಿಸುತ್ತವೆ. ಜಪಾನಿನಲ್ಲಿ ಮಾರಾಟವಾಗುವ ಸ್ವಿಚ್ ಕಾರ್ಟ್ರಿಜ್‌ಗಳು ಬೇರೆ ದೇಶದ ಸ್ವಿಚ್‌ನಲ್ಲೂ ನಡೆಯುತ್ತವೆ, ಆದರೆ ಅವುಗಳಲ್ಲಿ ಇಂಗ್ಲಿಷ್ ಬರಹ ಇರುವುದೆಂದು ನೆಚ್ಚಿ ಕೊಳ್ಳಬಾರದು.

ಮೆಚ್ಚಿದ ಆಟಕ್ಕೆ ಪೂರಕವಾಗಿ ಬಂದ ಫ್ಯಾನ್‌ಡಿಸ್ಕ್ ಇದ್ದರೆ ಅದನ್ನು ಮೂಲ ಆಟದ ಎಲ್ಲ ರೂಟ್‌ಗಳೂ ಮುಗಿದ ಮೇಲಷ್ಟೇ ತೆರೆಯಬೇಕು. ‘ಕೋಡ್: ರಿಯಲೈಸ್’ನ ‘ಫ್ಯೂಚರ್ ಬ್ಲೆಸಿಂಗ್ಸ್’, ‘ಕಾಲರ್ × ಮ್ಯಾಲಿಸ್’ನ ‘ಅನ್‌ಲಿಮಿಟೆಡ್’ ಇಂಥವು. ಪ್ರತಿ ಜೋಡಿಯ ಕಥೆ ಒಳ್ಳೆಯ ಅಂತ್ಯದ ಬಳಿಕ ಹೇಗೆ ಸಾಗಿತೆಂಬುದನ್ನೂ, ಮೂಲದಲ್ಲಿ ರೂಟ್ ಸಿಗದೆ ಉಳಿದ ಪಾತ್ರಗಳ ಬದುಕನ್ನೂ ಅವು ಹೇಳುತ್ತವೆ; ಹಾಗಾಗಿ ಮೂಲ ಆಟ ಬೀಗ ಹಾಕಿ ಕಾಪಾಡಿದ್ದ ಗುಟ್ಟನ್ನು ಅವು ಮೊದಲ ದೃಶ್ಯಗಳಲ್ಲೇ ಓದುಗರಿಗೆ ತಿಳಿದ ಸಂಗತಿಯೆಂಬಂತೆ ಆಡಿಬಿಡಬಹುದು.