ಮಷಿನ್ ಸದ್ದು ಮಾಡುತ್ತೆ, ಕೆಲಸ ಮಾಡುತ್ತಾ?

ನನ್ನ ಅಲ್ಟ್ರಾಸೋನಿಕ್ ಕ್ಲೀನರ್, ಅಂದರೆ ಟ್ಯಾಂಕಿನ ನೀರನ್ನು ಕಂಪಿಸಿ ಒಡವೆಯ ಕೊಳೆ ತೆಗೆಯುವ ಮಷಿನ್, ಕೆಟ್ಟೇ ಹೋಗಿದೆ ಅಂದುಕೊಂಡಿದ್ದೆ. ಎಂಟು ನಿಮಿಷ ಓಡಿಸಿದರೂ ಸರದ ಕೊಂಡಿಗಳ ಸಂದಿಯಲ್ಲಿ ಕಪ್ಪು ಕೊಳೆ ಹಾಗೇ ಕೂತಿತ್ತು. ಸದ್ದು ಮಾತ್ರ ಎಂದಿನಂತೆ ಜೋರಾಗಿಯೇ ಬರುತ್ತಿತ್ತು.

ಸದ್ದು ಕೇಳಿ ಏನನ್ನೂ ಹೇಳೋಕಾಗಲ್ಲ. ನನ್ನ ಮಷಿನ್ 40 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 40 ಸಾವಿರ ಸಲ, ಕಂಪಿಸುತ್ತದೆ. ನಮ್ಮ ಕಿವಿಗೆ ಕೇಳಿಸುವುದು ಹೆಚ್ಚೆಂದರೆ 20 ಕಿಲೋಹರ್ಟ್ಸ್, ಹಾಗಾಗಿ ಆ ಕಂಪನವೇ ನಮಗೆ ಕೇಳಿಸಲ್ಲ. ಕೊಳೆ ಕಿತ್ತು ತೆಗೆಯುವುದು ನೀರಿನಲ್ಲಿ ಹುಟ್ಟಿ ಕ್ಷಣದಲ್ಲೇ ಕುಸಿಯುವ ಪುಟ್ಟ ಪುಟ್ಟ ಗುಳ್ಳೆಗಳು. ಅವು ಹುಟ್ಟುತ್ತಿವೆಯಾ ಅಂತ ನೋಡಬೇಕು, ಅಷ್ಟೇ. ಅದಕ್ಕೆ ಅಡುಗೆಮನೆಯ ತೆಳು ಅಲ್ಯೂಮಿನಿಯಂ ಫಾಯಿಲ್ ಸಾಕು: ಗುಳ್ಳೆಗಳು ಹುಟ್ಟುತ್ತಿದ್ದರೆ ಅದರಲ್ಲಿ ಗುಳಿ, ತೂತು ಬೀಳುತ್ತವೆ.

ಟ್ಯಾಂಕಿನ ಉದ್ದಕ್ಕೆ ಸರಿಯಾಗಿ ಒಂದು ತುಂಡು ಕತ್ತರಿಸಿದೆ. ಸುಕ್ಕಿಲ್ಲದ ಹಾಗೆ ಸವರಿ, ಮೇಲಿನ ಅಂಚನ್ನು ಒಂದು ಕಡ್ಡಿಗೆ ಸುತ್ತಿದೆ. ಕಡ್ಡಿಯನ್ನು ಟ್ಯಾಂಕಿನ ಬಾಯಿಗೆ ಅಡ್ಡ ಇಟ್ಟು, ಫಾಯಿಲ್ ನೀರಿನಲ್ಲಿ ನೇರವಾಗಿ ನಿಲ್ಲುವಂತೆ ಇಳಿಬಿಟ್ಟೆ. ತಳಕ್ಕೆ ತಾಗಬಾರದು. ಕೈಯಲ್ಲಿ ಹಿಡಿದುಕೊಂಡು ಬೆರಳನ್ನು ನೀರಿಗೆ ಅದ್ದುವುದಂತೂ ಬೇಡವೇ ಬೇಡ. ಒಂದು ನಿಮಿಷ ಓಡಿಸಿ ತೆಗೆದೆ. ಬೆಳಕಿಗೆ ಹಿಡಿದರೆ ಒಂದೇ ಒಂದು ತೂತಿಲ್ಲ.

ಸ್ವಲ್ಪ ಹೊತ್ತು ಬೇಜಾರಾಗಿ ಕೂತೆ. ಆಮೇಲೆ ನೀರಿನ ಕಡೆ ಗಮನ ಹೋಯಿತು. ನಲ್ಲಿಯಿಂದ ಆಗ ತಾನೇ ಹಿಡಿದ ತಣ್ಣೀರು. ಟ್ಯಾಂಕಿನ ಗೋಡೆಗೆಲ್ಲ ಗಾಳಿಯ ಗುಳ್ಳೆಗಳು ಅಂಟಿಕೊಂಡಿದ್ದವು. ನೀರಿನಲ್ಲಿ ಕರಗಿರುವ ಗಾಳಿ ಕಂಪನದ ಬಲವನ್ನೆಲ್ಲ ನುಂಗಿಬಿಡುತ್ತದೆ. ಸಾಲದ್ದಕ್ಕೆ ನೀರು ಗುರುತಿನ ಗೆರೆಗಿಂತ ಕೆಳಗಿತ್ತು.

ಗೆರೆಯವರೆಗೆ ಬಿಸಿನೀರು ತುಂಬಿದೆ, ಸುಮಾರು 50 ಡಿಗ್ರಿ. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿದೆ. ಒಡವೆ, ಫಾಯಿಲ್ ಏನೂ ಇಲ್ಲದೆ, ಬರೀ ಆ ನೀರಲ್ಲೇ ಹತ್ತು ನಿಮಿಷ ಓಡಿಸಿದೆ, ಗಾಳಿ ಹೊರಗೆ ಹೋಗಲಿ ಅಂತ. (ನೀರೇ ಇಲ್ಲದೆ ಮಾತ್ರ ಮಷಿನ್ ಯಾವತ್ತೂ ಆನ್ ಮಾಡಬೇಡಿ, ಸುಟ್ಟುಹೋಗಬಹುದು.) ಆಮೇಲೆ ಹೊಸ ಫಾಯಿಲ್ ಇಳಿಬಿಟ್ಟೆ.

ಈ ಸಲ ನೋಡಬೇಕಿತ್ತು! ಫಾಯಿಲ್ ಮೈತುಂಬಾ ಸಿಡುಬಿನ ಕಲೆಯಂತೆ ಸಣ್ಣ ಗುಳಿಗಳು. ನಡುನಡುವೆ ಸೂಜಿ ಮೊನೆಯಷ್ಟು ತೂತುಗಳು, ಕೆಲವು ಕಡೆ ಅಂಚು ಹರಿದಿತ್ತು. ತೂತುಗಳು ಅಡ್ಡಡ್ಡ ಪಟ್ಟೆಗಳಾಗಿ ಬಂದಿದ್ದವು, ಒಂದಕ್ಕೊಂದು ಸುಮಾರು ಎರಡು ಸೆಂಟಿಮೀಟರ್ ಅಂತರ. ಅದು ದೋಷ ಅಲ್ಲ. 40 ಕಿಲೋಹರ್ಟ್ಸ್ ಅಲೆ ನೀರಿನಲ್ಲಿ ಅಷ್ಟಷ್ಟು ದೂರಕ್ಕೆ ಬಲವಾಗುತ್ತದೆ. ಎಡಕ್ಕೂ ಬಲಕ್ಕೂ ಹೆಚ್ಚುಕಡಿಮೆ ಒಂದೇ ಥರ ಇದೆಯಾ ಅನ್ನುವುದು ಮುಖ್ಯ. ಒಂದು ಬದಿ ಪೂರ್ತಿ ನುಣ್ಣಗೆ ಉಳಿದರೆ, ಟ್ಯಾಂಕಿನ ಕೆಳಗೆ ಅಂಟಿಸಿರುವ ಕಂಪಕದ ಮೇಲೆ ನನಗೆ ಅನುಮಾನ ಬರುತ್ತದೆ.

ಇದೇ ಪರೀಕ್ಷೆಯನ್ನು ಗೆಳತಿಯೊಬ್ಬರ ಪುಟ್ಟ ಮಷಿನ್‌ಗೂ ಮಾಡಿದೆ. ನೀರು, ಬಿಸಿ, ಲಿಕ್ವಿಡ್ ಎಲ್ಲ ಸರಿ ಇತ್ತು. ಐದು ನಿಮಿಷವಾದರೂ ಫಾಯಿಲ್ ಕನ್ನಡಿ ಹಾಗೇ ಇತ್ತು. ತಿರುಗಿಸಿ ಬಿಚ್ಚಿ ನೋಡಿದರೆ ಒಳಗೆ ಅಲುಗಾಡಿಸುವ ಸಣ್ಣ ಮೋಟರ್, ಅಷ್ಟೇ. ಹೆಸರಿಗೆ ಮಾತ್ರ ಅಲ್ಟ್ರಾಸೋನಿಕ್. ಅವರಿಗೆ ಹೇಳುವಾಗ ನನಗೇ ಸಂಕಟವಾಯಿತು.

ಪರೀಕ್ಷೆ ಮುಗಿದ ಮೇಲೆ ಆ ನೀರನ್ನು ಚೆಲ್ಲಿ ಟ್ಯಾಂಕ್ ಒರೆಸಿ. ಫಾಯಿಲ್‌ನ ಚೂರುಗಳು ತಳದಲ್ಲಿ ಉಳಿದಿರುತ್ತವೆ. ಇನ್ನೊಂದು ಮಾತು: ಪರೀಕ್ಷೆಗೆ ಅಂತ ಸುಮ್ನೆ ಕೈಗೆ ಸಿಕ್ಕ ಒಡವೆ ಹಾಕಬೇಡಿ. ಮುತ್ತು, ಹವಳ, ಪಚ್ಚೆ ಇವೆಲ್ಲ ಈ ಮಷಿನ್‌ಗೆ ಹಾಕುವಂಥವಲ್ಲ.

ಸರವನ್ನು ಜಾಲರಿ ಬುಟ್ಟಿಯಲ್ಲಿಟ್ಟು ಮತ್ತೆ ಇಳಿಸಿದೆ. ಅರ್ಧ ನಿಮಿಷದಲ್ಲೇ ಕೊಂಡಿಗಳಿಂದ ಬೂದು ಹೊಗೆಯಂತೆ ಕೊಳೆ ಇಳಿಯತೊಡಗಿತು. ಆ ದಿನದ ಫಾಯಿಲ್ ಮೇಲೆ ತಾರೀಖು ಬರೆದು ಎತ್ತಿಟ್ಟಿದ್ದೇನೆ. ಮುಂದಿನ ಸಲದ್ದನ್ನು ಅದರ ಪಕ್ಕದಲ್ಲಿಟ್ಟು ನೋಡುತ್ತೇನೆ.